ಮಗಳಿಗೊಂದು ಪತ್ರ: ಗುಚ್ಕೊವ್ ಕೂತ ಕುರ್ಚಿ

ಪ್ರೀತಿಯ ಪುಟ್ಟಿ,

ನೀನು ಹೊರಟುಹೋದ ಮೇಲೆ ನೋಡಿದರೆ ನಿನ್ನ ಲೇಖನದ ಪ್ರತಿ ಮೇಜಿನ ಮೇಲೆಯೇ ಇತ್ತು. ಸಿಟ್ಟಿನಲ್ಲಿ ಬಿಟ್ಟುಹೋದೆಯೋ, ಅಮ್ಮ ಇನ್ನೊಮ್ಮೆ ಓದಲಿ ಎಂದು ಬಿಟ್ಟೆಯೋ ತಿಳಿಯದು. ಓದಿದೆ. ಗಡಿಯಲ್ಲಿ ಸೋಲಾದ ದಿನ ಮಂತ್ರಿಗಳು ಏನು ಹೇಳಿದರು, ಸೈನಿಕರ ಮನೆಯವರಿಗೆ ಯಾವಾಗ ಸುದ್ದಿ ಮುಟ್ಟಿತು, ನಡುವಿನ ದಿನಗಳಲ್ಲಿ ಯಾರು ಬಾಯಿ ಮುಚ್ಚಿಕೊಂಡಿದ್ದರು, ಎಲ್ಲವನ್ನೂ ಒಂದರ ಪಕ್ಕ ಒಂದು ಇಟ್ಟಿದ್ದೀಯ. ಅಪ್ಪನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಅವರು ಕನ್ನಡಕ ತೆಗೆದು ಸುಮ್ಮನೆ ಕೂತರು. ಅವರು ಹಾಗೆ ಕೂತರೆ ಏನರ್ಥ ಎಂದು ನಿನಗೆ ಗೊತ್ತು.

ನನ್ನ ತಕರಾರು ಕೊನೆಯ ಎರಡು ಪ್ಯಾರಾಗಳ ಬಗ್ಗೆ ಮಾತ್ರ. ಬಂಧನವಾದ ಆ ಅಧಿಕಾರಿ ಗೂಢಚಾರನೇ ಎಂದು ಬರೆದಿದ್ದೀಯ. ಅವನು ಮಂತ್ರಿಯ ಮನೆಗೆ ಹೋಗಿಬರುತ್ತಿದ್ದವನು, ಹಾಗಾಗಿ ಮಂತ್ರಿಗೂ ಎಲ್ಲ ಗೊತ್ತಿತ್ತು ಎಂದು ಬರೆದಿದ್ದೀಯ. ಆವತ್ತು ರಾತ್ರಿ ನಾನು ದನಿ ಎತ್ತರಿಸಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ, ಮಾರನೇ ದಿನ ಹೊರಡುವ ಮಗಳ ಮೇಲೆ ಹಾಗೆ ಕೂಗಬಾರದಿತ್ತು. ಆದರೆ ಹೇಳಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಆಗ ಸರಿಯಾಗಿ ಹೇಳಲಾಗದ್ದನ್ನು ಈಗ ಬರೆಯುತ್ತಿದ್ದೇನೆ.

ಬೇಹುಗಾರನೆಂದು ಸುಳ್ಳೇ ಶಿಕ್ಷೆಗೊಳಗಾದ ಫ್ರೆಂಚ್ ಸೇನಾಧಿಕಾರಿ ಡ್ರೇಫಸ್‌ನ ವಿಷಯ ಬೇಡ, ಅದನ್ನು ನಾವಿಬ್ಬರೂ ಎಷ್ಟೋ ಸಲ ಮಾತಾಡಿದ್ದೇವೆ. ನಾನು ಹೇಳಬೇಕಿರುವುದು ಮ್ಯಾಸೊಯೆಡೊವ್ ಕಥೆ. ತರಗತಿಯಲ್ಲಿ ಒಂದನೇ ಮಹಾಯುದ್ಧ ಬಂದಾಗಲೆಲ್ಲ ಪಠ್ಯದಲ್ಲಿ ಇಲ್ಲದಿದ್ದರೂ ನಾನು ಇಲ್ಲಿಗೆ ಬಂದು ನಿಲ್ಲುತ್ತಿದ್ದೆ, ಮುಂದೆ ಹೋಗಲು ಕಷ್ಟವಾಗುತ್ತಿತ್ತು.

ಸೆರ್ಗೈ ಮ್ಯಾಸೊಯೆಡೊವ್ ರಷ್ಯಾ-ಜರ್ಮನಿ ಗಡಿಯ ವೆರ್ಜ್ಬೊಲೊವೊ ರೈಲು ನಿಲ್ದಾಣದಲ್ಲಿ ಪೊಲೀಸ್ ಅಧಿಕಾರಿಯಾಗಿದ್ದವನು. ಯುರೋಪಿಗೆ ಹೋಗಿಬರುವ ದೊಡ್ಡವರೆಲ್ಲ ಅವನ ಕಣ್ಣೆದುರೇ ದಾಟಬೇಕು. ಹತ್ತಿರದ ರೊಮಿಂಟೆನ್ ಕಾಡಿಗೆ ಬೇಟೆಗೆ ಬರುತ್ತಿದ್ದ ಜರ್ಮನ್ ಚಕ್ರವರ್ತಿ ಎರಡನೇ ವಿಲ್‌ಹೆಲ್ಮ್ ಅವನಿಗೆ ತನ್ನ ಸಹಿ ಹಾಕಿದ ಭಾವಚಿತ್ರ ಕೊಟ್ಟಿದ್ದ. ಶಾಂತಿಯ ಕಾಲದಲ್ಲಿ ಅದು ಗೋಡೆಗೆ ತೂಗುಹಾಕಿ ಬೀಗುವ ವಸ್ತು. ಯುದ್ಧ ಬಂದ ಮೇಲೆ ಅದೇ ಸಾಕ್ಷ್ಯ. ಮನುಷ್ಯ ಒಳ್ಳೆಯವನೇನಲ್ಲ, ಅದನ್ನೂ ಹೇಳಬೇಕು. ದುಡ್ಡಿನ ಆಸೆ, ಮಸುಕು ವ್ಯವಹಾರಗಳು, ಹೆಣ್ಣುಗಳ ಸಹವಾಸ ಎಲ್ಲವೂ ಇತ್ತು. ಇವನ ಮೇಲೆ ಹೇಳಿದ್ದನ್ನು ಜನ ನಂಬಿದ್ದೂ ಅದಕ್ಕೇ. ಕೆಟ್ಟವನು ಎಂದು ಗೊತ್ತಾದ ಮೇಲೆ ದ್ರೋಹಿಯೂ ಇರಬಹುದು ಎನ್ನಲು ಎಷ್ಟು ಹೊತ್ತು ಬೇಕು?

ಇವನಿಗೆ ಯುದ್ಧ ಮಂತ್ರಿ ಸುಖೋಮ್ಲಿನೊವ್‌ನ ಸ್ನೇಹ ಸಿಕ್ಕಿತು. ಆ ಮಂತ್ರಿಯನ್ನು ಕಂಡರಾಗದವರು ಸಂಸತ್ತಿನಲ್ಲೂ ಇದ್ದರು, ಸೈನ್ಯದಲ್ಲೂ ಇದ್ದರು. ಅವರಲ್ಲಿ ಮುಖ್ಯನಾದವನು ಅಲೆಕ್ಸಾಂಡರ್ ಗುಚ್ಕೊವ್. ಪುಟ್ಟಿ, ಈ ಹೆಸರನ್ನು ನೆನಪಿಟ್ಟುಕೊ. ಇವನು ಖಳನಲ್ಲ. ಬೋಯರ್ ಯುದ್ಧಕ್ಕೆ ಸ್ವಂತ ಇಚ್ಛೆಯಿಂದ ಹೋಗಿ ಗುಂಡೇಟು ತಿಂದು ಬಂದವನು, ಡೂಮಾದ, ಅಂದರೆ ರಷ್ಯಾದ ಸಂಸತ್ತಿನ, ಅಧ್ಯಕ್ಷನಾಗಿದ್ದವನು, ಸೈನ್ಯ ಎಷ್ಟು ಹಿಂದುಳಿದಿದೆ ಎಂದು ಮುಲಾಜಿಲ್ಲದೆ ಹೇಳಿದವನು. ಅವನು ಹೇಳಿದ್ದರಲ್ಲಿ ಬಹುಪಾಲು ನಿಜವಿತ್ತು. ಆದರೆ ಮಂತ್ರಿಯನ್ನು ಕೆಡವಲು ಆ ನಿಜ ಸಾಲದು ಅನ್ನಿಸಿತೋ ಏನೋ, 1912ರಲ್ಲಿ ಮಂತ್ರಿಯ ಬಳಗದಲ್ಲಿ ಗೂಢಚಾರನಿದ್ದಾನೆ, ಅವನೇ ಮ್ಯಾಸೊಯೆಡೊವ್ ಎಂಬ ಮಾತು ಹೊರಬಿತ್ತು. ಪತ್ರಿಕೆಗಳು ಹಿಡಿದುಕೊಂಡವು. ಇಬ್ಬರ ನಡುವೆ ಪಿಸ್ತೂಲಿನ ದ್ವಂದ್ವಯುದ್ಧವೇ ಆಯಿತು. ಮ್ಯಾಸೊಯೆಡೊವ್‌ನ ಗುಂಡು ತಪ್ಪಿತು, ಗುಚ್ಕೊವ್ ಗಾಳಿಗೆ ಹಾರಿಸಿದ. ತನಿಖೆ ನಡೆಯಿತು, ಬೇಹುಗಾರಿಕೆಗೆ ಪುರಾವೆ ಸಿಗಲಿಲ್ಲ. ಆದರೂ ಹಚ್ಚಿದ ಮಸಿ ಹೋಗಲಿಲ್ಲ.

1914ರಲ್ಲಿ ಯುದ್ಧ ಶುರುವಾಯಿತು. ಆಗಸ್ಟಿನಲ್ಲಿ ಜರ್ಮನಿಯ ಪೂರ್ವ ಪ್ರಷ್ಯಾದ ಟ್ಯಾನೆನ್‌ಬರ್ಗಿನಲ್ಲಿ ರಷ್ಯಾದ ಒಂದಿಡೀ ಸೇನೆ ನಾಶವಾಯಿತು. ಅಲ್ಲಿ ಏನಾಗಿತ್ತು ಎಂದು ನೋಡು: ರಷ್ಯನ್ನರು ತಮ್ಮ ಆದೇಶಗಳನ್ನು ಸಂಕೇತಲಿಪಿಯಿಲ್ಲದೆ, ಸಾದಾ ಭಾಷೆಯಲ್ಲಿ ರೇಡಿಯೊದಲ್ಲಿ ಕಳಿಸುತ್ತಿದ್ದರು. ಜರ್ಮನ್ನರು ಕಿವಿಗೊಟ್ಟು ಕೇಳಿ ಬರೆದುಕೊಳ್ಳುತ್ತಿದ್ದರು. ಯಾವ ಗೂಢಚಾರ ಬೇಕಿತ್ತು? ಫಿರಂಗಿಯೊಂದಕ್ಕೆ ಸಾವಿರದಷ್ಟು ಶೆಲ್ ಸಾಕು ಎಂದು ಯುದ್ಧಕ್ಕೆ ಮೊದಲು ಲೆಕ್ಕ ಹಾಕಿದ್ದರು, ಆ ಲೆಕ್ಕ ಕೆಲವೇ ತಿಂಗಳಲ್ಲಿ ಮುಗಿದುಹೋಯಿತು. 1915ರ ಫೆಬ್ರವರಿಯಲ್ಲಿ ಹತ್ತನೇ ಸೇನೆ ಸೋತು, ಅದರ ಇಪ್ಪತ್ತನೇ ದಳ ಅಗುಸ್ತೊವ್ ಕಾಡಿನಲ್ಲಿ ಸುತ್ತುವರಿಯಲ್ಪಟ್ಟು ಶರಣಾಯಿತು. ಆ ಹತ್ತನೇ ಸೇನೆಯಲ್ಲಿ, ಬೇಹು ವಿಭಾಗದಲ್ಲಿ, ಜರ್ಮನ್ ಬಲ್ಲ ಮ್ಯಾಸೊಯೆಡೊವ್ ಕೆಲಸ ಮಾಡುತ್ತಿದ್ದ.

ಉಳಿದದ್ದನ್ನು ಹೇಳಬೇಕೆ? ಕೊಲಕೊವ್ಸ್ಕಿ ಎಂಬ ಕಿರಿಯ ಅಧಿಕಾರಿ ಜರ್ಮನ್ ಸೆರೆಯಿಂದ ಹಿಂತಿರುಗಿ, ಜರ್ಮನ್ನರು ತನ್ನನ್ನು ಬೇಹಿಗೆ ಕಳಿಸಿದ್ದಾರೆ, ಮ್ಯಾಸೊಯೆಡೊವ್ ಅವರ ಕಡೆಯವನು ಎಂದ. ನಿನ್ನೆ ಮೊನ್ನೆ ಸೆರೆಸಿಕ್ಕ ಕಿರಿಯ ಅಧಿಕಾರಿಯ ಕೈಗೆ ತಮ್ಮ ಅತ್ಯಂತ ಬೆಲೆಬಾಳುವ ಹೆಸರನ್ನು ಜರ್ಮನ್ನರು ಯಾಕೆ ಕೊಟ್ಟಾರು ಎಂದು ಕೇಳುವವರಿರಲಿಲ್ಲ. ಕೇಳುವುದು ಯಾರಿಗೂ ಬೇಕಿರಲಿಲ್ಲ. ಪ್ರಧಾನ ದಂಡನಾಯಕನಾಗಿದ್ದ ಗ್ರ್ಯಾಂಡ್ ಡ್ಯೂಕ್ ನಿಕೊಲಾಯ್‌ಗೆ ಸೋಲಿಗೊಂದು ಕಾರಣ ಬೇಕಿತ್ತು, ಸುಖೋಮ್ಲಿನೊವ್‌ನ ಮೇಲಿನ ದ್ವೇಷವೂ ಇತ್ತು. ಮಾರ್ಚ್‌ನಲ್ಲಿ ವಾರ್ಸಾದ ಕೋಟೆಯೊಳಗೆ ಸೇನಾ ನ್ಯಾಯಾಲಯ ಕೂತಿತು. ಆರೋಪಿಯ ಪರ ವಕೀಲನಿಲ್ಲ. ಅಪೀಲಿಗೆ ಅವಕಾಶವಿಲ್ಲ. ಆರೋಪಪಟ್ಟಿಯಲ್ಲಿ ದೇಶದ್ರೋಹದ ಜೊತೆ ಇನ್ನೊಂದು ಸೇರಿತ್ತು: ಪೂರ್ವ ಪ್ರಷ್ಯಾದಲ್ಲಿ ಜನ ಬಿಟ್ಟೋಡಿದ ಮನೆಯಿಂದ ಸಣ್ಣಪುಟ್ಟ ಅಲಂಕಾರದ ವಸ್ತುಗಳನ್ನು ಎತ್ತಿಕೊಂಡ ಅಪರಾಧ. ತೀರ್ಪು ಬಂದ ಕೆಲವೇ ಗಂಟೆಗಳಲ್ಲಿ, ಬೆಳಗಾಗುವ ಮೊದಲೇ, ನೇಣು.

ನಾನು ಸಿಕ್ಕಿಕೊಳ್ಳುವುದು ಆ ಕೆಲವು ಗಂಟೆಗಳಲ್ಲಿ. ಯಾಕೆ ಅಷ್ಟು ಅವಸರ? ನಿಜವಾಗಿ ಗೂಢಚಾರನಾಗಿದ್ದರೆ ಅವನನ್ನು ಉಳಿಸಿಕೊಂಡು ಬಾಯಿಬಿಡಿಸುತ್ತಿರಲಿಲ್ಲವೇ? ಜೊತೆಗೆ ಯಾರಿದ್ದರು, ದುಡ್ಡು ಯಾವ ದಾರಿಯಲ್ಲಿ ಬಂತು, ಯಾವ ಕಾಗದ ದಾಟಿಹೋಯಿತು, ಒಂದನ್ನೂ ಕೇಳದೆ ಕೊಂದರು. ತಿಂಗಳು ಬಿಟ್ಟು ಕೇಳಿದರೆ ಉತ್ತರಗಳು ಬೇರೆಯಾಗಿರುತ್ತಿದ್ದವು ಎಂದು ಕೊಂದವರಿಗೇ ಗೊತ್ತಿತ್ತೇನೋ. ಅವನ ಪರಿಚಯದವರು, ವ್ಯಾಪಾರದ ಜೊತೆಗಾರರು ಒಬ್ಬೊಬ್ಬರಾಗಿ ಬಂಧನಕ್ಕೊಳಗಾದರು, ಕೆಲವರು ಅವನ ಹಿಂದೆಯೇ ಗಲ್ಲಿಗೆ ಹೋದರು. ಕಡತಗಳನ್ನು ಮುಂದೆ ಬಿಚ್ಚಿ ನೋಡಿದ ಇತಿಹಾಸಕಾರರಲ್ಲಿ ಹೆಚ್ಚಿನವರಿಗೆ ಅವನು ಬೇಹುಗಾರ ಎನ್ನಲು ಆಧಾರ ಕಾಣಲಿಲ್ಲ.

ಸರ್ಕಾರ ತನ್ನನ್ನು ಉಳಿಸಿಕೊಳ್ಳಲು ಹೂಡಿದ ಆಟವಿದು. ಆಗಿದ್ದು ತದ್ವಿರುದ್ಧ. ಯುದ್ಧ ಮಂತ್ರಿಯ ಮನೆಯಲ್ಲಿ ಉಂಡುತಿಂದವನೇ ಶತ್ರುವಿನ ಕಡೆಯವನು ಎಂದು ಸರ್ಕಾರವೇ ಸಾರಿದ ಮೇಲೆ ಜನ ಮಂತ್ರಿಯನ್ನು ಬಿಡುತ್ತಾರೆಯೇ? ಜೂನ್‌ನಲ್ಲಿ ಸುಖೋಮ್ಲಿನೊವ್ ಪದವಿ ಕಳೆದುಕೊಂಡ, ಮುಂದೆ ಜೈಲಿಗೂ ಹೋದ. ಮಂತ್ರಿಯ ನಂತರ ಯಾರ ಸರದಿ? ಚಕ್ರವರ್ತಿನಿ ಅಲೆಕ್ಸಾಂಡ್ರಾ ಜರ್ಮನಿಯಲ್ಲಿ ಹುಟ್ಟಿದವಳು, ಅಷ್ಟು ಸಾಕಾಯಿತು. 1915ರ ಬೇಸಿಗೆಯಲ್ಲಿ ಮಾಸ್ಕೋದ ಜನ ಜರ್ಮನ್ ಹೆಸರಿನ ಅಂಗಡಿಗಳಿಗೆ ನುಗ್ಗಿದರು. ಜಿಮ್ಮರ್‌ಮನ್ ಎಂಬ ಸಂಗೀತ ವಾದ್ಯಗಳ ಮಳಿಗೆಯಿಂದ ದೊಡ್ಡ ದೊಡ್ಡ ಪಿಯಾನೊಗಳನ್ನು ಕಿಟಕಿಯಿಂದ ಬೀದಿಗೆ ಎತ್ತಿಹಾಕಿದರು. ನೆಲಕ್ಕೆ ಬಿದ್ದಾಗ ಅವು ಮಾಡಿದ ಸದ್ದನ್ನು ಊಹಿಸಿಕೊ. ಮಾಲೀಕನ ಹೆಸರು ಜರ್ಮನ್‌ನಂತೆ ಕೇಳಿಸಿದರೆ ಸಾಕು, ಕುಲಮೂಲ ವಿಚಾರಿಸುವ ತಾಳ್ಮೆ ಯಾರಿಗೂ ಇರಲಿಲ್ಲ. ರಣರಂಗದ ಆಸುಪಾಸಿನ ಯೆಹೂದಿಗಳನ್ನು, ಇವರೆಲ್ಲ ಗೂಢಚಾರರು ಎಂದು, ಸೈನ್ಯವೇ ಲಕ್ಷಗಟ್ಟಲೆ ಒಕ್ಕಲೆಬ್ಬಿಸಿತು. ಇಷ್ಟಾದರೂ ಆಗಸ್ಟಿನಲ್ಲಿ ವಾರ್ಸಾ ರಷ್ಯಾದ ಕೈಬಿಟ್ಟುಹೋಯಿತು. ಗೂಢಚಾರನನ್ನು ನೇಣುಹಾಕಿದ್ದರಿಂದ ಒಂದು ಶೆಲ್ ಹೆಚ್ಚಾಗಿರಲಿಲ್ಲ.

1916ರ ನವೆಂಬರ್‌ನಲ್ಲಿ ವಿರೋಧ ಪಕ್ಷದ ನಾಯಕ ಮಿಲ್ಯುಕೊವ್ ಡೂಮಾದಲ್ಲಿ ಎದ್ದು ನಿಂತು ಸರ್ಕಾರದ ಒಂದೊಂದು ಎಡವಟ್ಟನ್ನೂ ಹೇಳಿ, ಇದು ಮೂರ್ಖತನವೋ ದ್ರೋಹವೋ ಎಂದು ಮತ್ತೆ ಮತ್ತೆ ಕೇಳಿದ. ಅವನು ವೃತ್ತಿಯಿಂದ ಇತಿಹಾಸಕಾರ, ಪುರಾವೆ ಅಂದರೇನು ಎಂದು ಬಲ್ಲವನು. ನನಗೆ ಅವನ ಮೇಲೆ ಹೆಚ್ಚು ಸಿಟ್ಟು ಬರುವುದು ಅದಕ್ಕೇ. ಭಾಷಣ ಅಚ್ಚಾಗದಂತೆ ಸರ್ಕಾರ ತಡೆಯಿತು. ಜನ ಟೈಪು ಮಾಡಿ, ಕೈಯಲ್ಲಿ ನಕಲು ಮಾಡಿ ಹಂಚಿದರು, ಅದು ಕಂದಕಗಳಿಗೂ ಮುಟ್ಟಿತು. ಓದಿದ ಸೈನಿಕನಿಗೆ ಪ್ರಶ್ನೆ ಕಾಣಲಿಲ್ಲ, ದ್ರೋಹ ಮಾತ್ರ ಕಂಡಿತು. ಮುಂದೆ ಕ್ರಾಂತಿಯಾಗಿ, ಹಳೆಯ ಆಡಳಿತದ ತಪ್ಪುಗಳನ್ನು ಕೆದಕಲೆಂದೇ ಹೊಸ ಸರ್ಕಾರ ನೇಮಿಸಿದ ಆಯೋಗ ಹುಡುಕಿ ಹುಡುಕಿ ನೋಡಿತು. ಚಕ್ರವರ್ತಿನಿ ದೇಶಕ್ಕೆ ದ್ರೋಹ ಬಗೆದಳು ಎನ್ನಲು ಏನೂ ಸಿಗಲಿಲ್ಲ.

ನೀನು ಆವತ್ತು ಕೇಳಿದೆ: ಹಾಗಾದರೆ ಆಳುವವರನ್ನು ನಂಬಬೇಕಾ ಅಮ್ಮಾ? ಬೇಡ. ಖಂಡಿತ ಬೇಡ. ನಿಜವಾದ ಗೂಢಚಾರರೂ ಇರುತ್ತಾರೆ, ಅವರನ್ನು ಮುಚ್ಚಿಡುವ ಸರ್ಕಾರಗಳೂ ಇರುತ್ತವೆ. ಆಸ್ಟ್ರಿಯಾದ ಕರ್ನಲ್ ರೆಡ್ಲ್ ತನ್ನ ಸೈನ್ಯದ ಗುಟ್ಟುಗಳನ್ನು ರಷ್ಯಾಕ್ಕೆ ಮಾರಿದ್ದು ನಿಜ. 1913ರಲ್ಲಿ ಸಿಕ್ಕಿಬಿದ್ದಾಗ ಅವನಿಗೆ ತನ್ನನ್ನು ತಾನೇ ಕೊಂದುಕೊಳ್ಳಲು ಬಿಟ್ಟು ವಿಷಯ ಹೂಳಲು ನೋಡಿದರು, ಪತ್ರಕರ್ತರು ಹೊರಗೆಳೆದರು. ಆ ಕೆಲಸ ನೀನು ಮಾಡು. ಆ ಕೆಲಸಕ್ಕೇ ಹೋಗಿದ್ದೀಯ ಎಂದು ನನಗೆ ಎಷ್ಟು ಹೆಮ್ಮೆ ಎಂದು ಹೇಳಲು ಬರುವುದಿಲ್ಲ.

ಆದರೆ ಅಪನಂಬಿಕೆ ಎಲ್ಲಿಂದ ಹುಟ್ಟಬೇಕು ಎಂಬುದರಲ್ಲಿ ಮಾತ್ರ ನಾನು ಹಟ ಹಿಡಿಯುತ್ತೇನೆ. ಶೆಲ್ ಎಷ್ಟಿತ್ತು, ಯಾರು ಲೆಕ್ಕ ಹಾಕಿದ್ದು, ಸಂಕೇತಲಿಪಿ ಯಾಕಿರಲಿಲ್ಲ, ಇದನ್ನು ಕೇಳಿದರೆ ಮಂತ್ರಿ ಉತ್ತರ ಕೊಡಲೇಬೇಕಾಗುತ್ತದೆ. ಮಂತ್ರಿಯ ಮನೆಗೆ ಯಾರು ಬರುತ್ತಿದ್ದರು, ಅವರ ಹೆಂಡತಿ ಯಾವ ಕುಲದವಳು ಎಂದು ಕೇಳಿದರೆ ಮಂತ್ರಿಗೆ ಅದಕ್ಕಿಂತ ಸುಖ ಇನ್ನೊಂದಿಲ್ಲ. ಒಬ್ಬನನ್ನು ಹಿಡಿದುಕೊಟ್ಟು ಕೈತೊಳೆದುಕೊಳ್ಳುತ್ತಾನೆ. ನಿನ್ನ ಲೇಖನದ ಮೊದಲ ಭಾಗ ಆ ಮೊದಲ ಬಗೆಯದು. ಅಷ್ಟು ಕಷ್ಟಪಟ್ಟು ಸಂಗ್ರಹಿಸಿದ್ದನ್ನು ಕೊನೆಯ ಎರಡು ಪ್ಯಾರಾಗಳು ನುಂಗಿಬಿಡುತ್ತವೆ. ಓದುವವರಿಗೆ ಅವೆರಡೇ ನೆನಪಿರುವುದು, ಹಂಚಿಕೊಳ್ಳುವುದೂ ಅವನ್ನೇ.

ನೀನು ಸುಳ್ಳು ಹೇಳುತ್ತೀಯ ಎಂಬ ಭಯ ನನಗಿಲ್ಲ. ಸುಖೋಮ್ಲಿನೊವ್‌ನಂಥವರ ಪಕ್ಕ ಕೂರುತ್ತೀಯ ಎಂಬ ಭಯ ಮೊದಲೇ ಇಲ್ಲ. ನನ್ನ ಭಯವೆಲ್ಲ ನೀನು ಗುಚ್ಕೊವ್ ಆಗುತ್ತೀಯೇನೋ ಎಂದು. ಧೈರ್ಯ ಇದೆ, ಪ್ರಾಮಾಣಿಕತೆ ಇದೆ, ಹೇಳುವುದರಲ್ಲಿ ಬಹುಪಾಲು ಸರಿಯಿದೆ, ಅಷ್ಟರಲ್ಲಿ ಕೈಗೆ ಸುಲಭವಾಗಿ ಸಿಗುವ ಒಬ್ಬ ಕೆಟ್ಟ ಮನುಷ್ಯ. ಮ್ಯಾಸೊಯೆಡೊವ್ ಗಲ್ಲಿಗೇರಿದಾಗ ಎಲ್ಲರೂ ಗುಚ್ಕೊವ್‌ನ ಕಡೆ ನೋಡಿ, ನೀನು ಮೂರು ವರ್ಷ ಮೊದಲೇ ಹೇಳಿದ್ದೆಯಲ್ಲ ಎಂದರು. 1917ರ ಮಾರ್ಚ್‌ನಲ್ಲಿ ಪ್ಸ್ಕೊವ್ ಪಟ್ಟಣಕ್ಕೆ ಹೋಗಿ ರಷ್ಯಾದ ಚಕ್ರವರ್ತಿಯ ಪದತ್ಯಾಗದ ಪತ್ರ ಪಡೆದುಕೊಂಡು ಬಂದ ಇಬ್ಬರಲ್ಲಿ ಅವನೊಬ್ಬ. ಅದೇ ತಿಂಗಳು ಯುದ್ಧ ಮಂತ್ರಿಯಾದ, ಅಂದರೆ ಸುಖೋಮ್ಲಿನೊವ್ ಕೂತಿದ್ದ ಕುರ್ಚಿಯಲ್ಲೇ ಕೂತ. ಕೂತು ನೋಡಿದರೆ ಸೈನಿಕರು ಅಧಿಕಾರಿಗಳ ಮಾತು ಕೇಳುತ್ತಿಲ್ಲ. ಅದಕ್ಕೆ ಕಾರಣಗಳು ಹಲವು, ಹಸಿವಿತ್ತು, ದಣಿವಿತ್ತು. ಆದರೆ ಮೇಲಿನವರೆಲ್ಲ ಮಾರಿಕೊಂಡವರು ಎಂದು ಆ ಸೈನಿಕರಿಗೆ ವರ್ಷಗಟ್ಟಲೆ ಹೇಳಿದವರಲ್ಲಿ ಅವನೂ ಇದ್ದ. ಎರಡು ತಿಂಗಳು ತುಂಬುವಷ್ಟರಲ್ಲಿ ರಾಜೀನಾಮೆ ಕೊಟ್ಟ.

ಮತ್ತೆ ಪಾಠ ಮಾಡುತ್ತಿದ್ದೇನೆ ಎಂದು ನಿನಗನ್ನಿಸುತ್ತದೆ. ಅನ್ನಿಸಲಿ. ಆ ಅಧಿಕಾರಿ ನಾಳೆ ನಿಜವಾಗಿ ಗೂಢಚಾರನೆಂದೇ ಸಾಬೀತಾದರೆ ನೀನು ನನಗೆ ಫೋನ್ ಮಾಡಿ, ನೋಡಿದೆಯಾ ಅಮ್ಮಾ, ಎನ್ನುತ್ತೀಯ. ಆಗಲೂ ನಾನು ಹೇಳುವುದು ಇದನ್ನೇ: ನೀನು ಬರೆದ ದಿನ ನಿನಗದು ಗೊತ್ತಿರಲಿಲ್ಲ. ಅವನಿಗೂ ಒಂದು ಮನೆ ಇದೆ, ಆ ಮನೆಯಲ್ಲಿ ನಿನ್ನ ಪತ್ರಿಕೆ ಓದುವವರೂ ಇರಬಹುದು.

ಎರಡು ಪ್ಯಾರಾ ತೆಗೆ ಎಂದು ಅಪ್ಪಣೆ ಮಾಡುವುದಿಲ್ಲ, ಲೇಖನ ನಿನ್ನದು. ಆದರೆ ಅವುಗಳ ಜಾಗದಲ್ಲಿ ಕೇಳಬಹುದಾದ ಪ್ರಶ್ನೆಗಳಿವೆ. ಅವನ ಮೇಲೆ ಯಾವ ಕಲಮು ಹಾಕಿದ್ದಾರೆ? ವಕೀಲರನ್ನು ಭೇಟಿಯಾಗಲು ಬಿಟ್ಟಿದ್ದಾರೆಯೇ? ವಿಚಾರಣೆ ಯಾವ ನ್ಯಾಯಾಲಯದಲ್ಲಿ, ಮುಚ್ಚಿದ ಬಾಗಿಲ ಹಿಂದೆಯೋ? ಅವನ ಬಂಧನದ ಸುದ್ದಿ ಸೋಲಿನ ಸುದ್ದಿಗೆ ಮೊದಲು ಬಂತೋ ಆಮೇಲೋ? ಕೊನೆಯದಕ್ಕೆ ಉತ್ತರ ನಿನ್ನ ಟಿಪ್ಪಣಿಗಳಲ್ಲೇ ಇರಬೇಕು, ತಾರೀಖುಗಳನ್ನು ಹೋಲಿಸಿ ನೋಡು. ಉಳಿದವನ್ನು ನಾಳೆಯೇ ಸಚಿವಾಲಯಕ್ಕೆ ಬರಹದಲ್ಲಿ ಕಳಿಸು. ಉತ್ತರ ಬರದಿದ್ದರೆ, ಬರಲಿಲ್ಲ ಎಂದೇ ಅಚ್ಚು ಹಾಕಿಸು. ಬಂದರೆ ಮೊದಲು ನನಗೆ ತಿಳಿಸು, ಎಷ್ಟು ಹೊತ್ತಾದರೂ ಸರಿ.

ನಿನ್ನ ಅಮ್ಮ