ಯಂತ್ರ ನೋಡುವ ಮೊದಲು ಮಣ್ಣು ಅಳೆಯಿರಿ

ಸಂಪಾದಕರಿಗೆ,

ಮಾನ್ಯರೇ,

ಕಬ್ಬಿನ ಹಂಗಾಮು ಮುಗಿದು ಬಿಲ್ಲು ಕೈಗೆ ಬರುವ ಹೊತ್ತಿಗೆ ಮುಧೋಳ, ಜಮಖಂಡಿ, ಅಥಣಿ ಕಡೆಯ ಹೊಲಗಳಲ್ಲಿ ಮಣ್ಣಿನ ಕೆಲಸ ಶುರುವಾಗುತ್ತದೆ. ಕೃಷಿ ಹೊಂಡ, ಬಸಿಗಾಲುವೆ, ಒಡ್ಡು, ಕೆರೆಗೋಡು, ತಿಪ್ಪೆಗೊಬ್ಬರ ಎಲ್ಲವೂ ಒಮ್ಮೆಲೇ. ಇದೇ ಹೊತ್ತಿನಲ್ಲಿ ಐದು-ಹತ್ತು ಎಕರೆ ಜಮೀನಿನವರೂ ಹಳೆಯ ಜೆಸಿಬಿಗೋ, ಟ್ರ್ಯಾಕ್ಟರ್ ಹಿಂದೆ ಕಟ್ಟುವ ಅಗೆಯುವ ಕೈಗೋ, ಅಂದರೆ ಬ್ಯಾಕ್‌ಹೋಗೋ, ಮುಂಗಡ ಕೊಟ್ಟುಬಿಡುತ್ತಾರೆ. ಸಣ್ಣ ಹಿಡುವಳಿಯವರು ಸ್ವಂತಕ್ಕೆ ಕೊಳ್ಳುವುದಿದ್ದರೆ ಹೇರುವ ಯಂತ್ರ (ಲೋಡರ್) ಕೊಳ್ಳಬೇಕು, ಅಗೆಯುವ ಯಂತ್ರವನ್ನು ಬಾಡಿಗೆಗೆ ತರಬೇಕು. ಅಗೆತ ಒಂದು ಹೊಲಕ್ಕೆ ಹತ್ತು ವರ್ಷಕ್ಕೊಮ್ಮೆ ಬರುವ ಕೆಲಸ. ಹೇರುವುದು, ತುಂಬುವುದು, ಸರಿಸುವುದು ತಿಂಗಳಿಗೊಮ್ಮೆಯಾದರೂ ಇದ್ದೇ ಇರುತ್ತದೆ.

ಲೆಕ್ಕ ಹಾಕಿ ನೋಡೋಣ. ಕೃಷಿ ಭಾಗ್ಯ ಯೋಜನೆಯ ಹೊಂಡಗಳ ಅಳತೆ 10×10×3 ಮೀಟರ್‌ನಿಂದ 21×21×3 ಮೀಟರ್‌ವರೆಗೆ ಇದೆ. 12×12ರ ಹೊಂಡವನ್ನೇ ತೆಗೆದುಕೊಳ್ಳಿ. 12×12 ಅಂದರೆ ಮೇಲಿನ ಬಾಯಿಯ ಅಳತೆ. ಪಕ್ಕಗಳಿಗೆ ಒಂದಕ್ಕೆ ಒಂದರ ಇಳಿಜಾರು ಬಿಟ್ಟರೆ ತಳ 6×6 ಆಗುತ್ತದೆ, ಹೊರಬರುವ ಗಟ್ಟಿಮಣ್ಣು 252 ಘನ ಮೀಟರ್. ನಮ್ಮ ಕಡೆಯ ಬ್ರಾಸ್ ಲೆಕ್ಕದಲ್ಲಿ, ಅಂದರೆ 100 ಘನ ಅಡಿ ಅಥವಾ 2.83 ಘನ ಮೀಟರಿಗೆ ಒಂದರಂತೆ, 89 ಬ್ರಾಸ್. ಎರೆಮಣ್ಣು ಅಗೆದ ಮೇಲೆ ಕಾಲು ಭಾಗಕ್ಕಿಂತ ಹೆಚ್ಚು ಉಬ್ಬುವುದರಿಂದ ಟ್ರೇಲರಿಗೆ ಏರುವಾಗ ಅದು 115 ಬ್ರಾಸ್ ಮುಟ್ಟುತ್ತದೆ. ಗುತ್ತಿಗೆ ಮಾತಾಡುವಾಗ ಅಗೆದ ಕುಣಿಯ ಅಳತೆಯೋ, ತುಂಬಿದ ಟ್ರೇಲರಿನ ಅಳತೆಯೋ ಎಂಬುದನ್ನು ಮೊದಲೇ ಹೇಳಿಕೊಳ್ಳದಿದ್ದರೆ ಜಗಳ ಹುಟ್ಟುವುದು ಈ 26 ಬ್ರಾಸಿನ ಅಂತರದಲ್ಲೇ.

ಹದವಿರುವ ಮಣ್ಣಿನಲ್ಲಿ ಸಾಮಾನ್ಯ ಜೆಸಿಬಿ ಗಂಟೆಗೆ 25–30 ಘನ ಮೀಟರ್ ಅಗೆಯುತ್ತದೆ. ಆ ಹೊಂಡಕ್ಕೆ ಒಂಬತ್ತು-ಹತ್ತು ಗಂಟೆ ಸಾಕು. ಬಾಡಿಗೆ ಗಂಟೆಗೆ 1,200 ರೂಪಾಯಿ ಎಂದು ಹಿಡಿದರೂ 12,000ದೊಳಗೆ ಕೆಲಸ ಮುಗಿಯಿತು. ಅದೇ 15 ಲಕ್ಷ ಕೊಟ್ಟು ಹಳೆಯ ಯಂತ್ರ ತಂದರೆ, ಶೇ 12ರ ಬಡ್ಡಿಯೇ ವರ್ಷಕ್ಕೆ 1.8 ಲಕ್ಷ. ಅದು 150 ಗಂಟೆಗಳ ಬಾಡಿಗೆಗೆ ಸಮ. ಡೀಸೆಲ್, ಡ್ರೈವರ್, ವಿಮೆ, ಟೈರ್, ಹೋಸ್ ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಹತ್ತು ಎಕರೆಯಲ್ಲಿ ವರ್ಷಕ್ಕೆ 30 ಗಂಟೆಯ ಅಗೆತ ಇದ್ದರೆ ಹೆಚ್ಚು. ಉಳಿದ ಗಂಟೆಗಳನ್ನು ಬಾಡಿಗೆಗೆ ಓಡಿಸಿ ತುಂಬಿಕೊಳ್ಳುತ್ತೇನೆ ಎನ್ನುವವರು ಒಕ್ಕಲುತನದ ಜೊತೆ ಇನ್ನೊಂದು ದಂಧೆಯನ್ನೂ ಹೊರುತ್ತಿದ್ದಾರೆ. ಅದನ್ನು ತಿಳಿದೇ ಹೊರಬೇಕು.

ಹೊಂಡ 21×21 ಆದರೆ ಲೆಕ್ಕ ಬೇರೆ. ಒಂದಕ್ಕೆ ಒಂದರ ಇಳಿಜಾರಿನಲ್ಲಿ 981 ಘನ ಮೀಟರ್, ಅಂದರೆ ಸುಮಾರು 346 ಬ್ರಾಸ್. ಜೆಸಿಬಿಯ ಕೈ ದಂಡೆಯಿಂದ ನಡುವಿನವರೆಗೆ ಎಟುಕುವುದಿಲ್ಲ. ಅದು ಕುಣಿಯೊಳಗೆ ಇಳಿಯಬೇಕು, ಇಲ್ಲವೇ ಒಂದೇ ಮಣ್ಣನ್ನು ಎರಡು ಸಲ ಎತ್ತಬೇಕು. ಇಲ್ಲಿ 20 ಟನ್ನಿನ ಇಟಾಚಿ, ಅಂದರೆ ಚೈನಿನ ಮೇಲೆ ಓಡುವ ದೊಡ್ಡ ಅಗೆಯುವ ಯಂತ್ರ, ತರಿಸುವುದೇ ಸರಿ. ಅದರ ಕೈ ಒಂಬತ್ತು ಮೀಟರ್ ದಾಟಿ ಚಾಚುತ್ತದೆ, ಬಕೆಟ್ಟಿನಲ್ಲಿ ಒಂದು ಘನ ಮೀಟರಿನ ಹತ್ತಿರ ಮಣ್ಣು ಬರುತ್ತದೆ. ಗಂಟೆಯ ದರ ಹೆಚ್ಚೆಂದು ಹಿಂಜರಿಯುವ ಬದಲು ಬ್ರಾಸಿಗೆ ಎಷ್ಟು ಬಿತ್ತು ಎಂದು ಭಾಗಿಸಿ ನೋಡಬೇಕು. ಅದನ್ನು ತರುವ ಲಾರಿಯ ಬಾಡಿಗೆಯೂ ಸೇರುವುದರಿಂದ ಅಕ್ಕಪಕ್ಕದ ಎರಡು-ಮೂರು ಹೊಲದವರು ಕೂಡಿ ತರಿಸಿದರೆ ಗಿಟ್ಟುತ್ತದೆ.

ಮೊದಲು ನಡುವಿನಲ್ಲಿ ಒಂದು ಪರೀಕ್ಷಾ ಗುಂಡಿಯನ್ನು ಹತ್ತು ಅಡಿ ಇಳಿಸಿ ನೋಡಿ. ವಿಜಯಪುರ ಸೀಮೆಯಲ್ಲಿ ಎರೆಯ ಕೆಳಗೆ ಗರಸು, ಅದರ ಕೆಳಗೆ ಕರಿಕಲ್ಲು. ಬಾಗಲಕೋಟೆ, ಲೋಕಾಪುರದ ಸುತ್ತ ಸುಣ್ಣಕಲ್ಲಿನ ಪದರು. ಬಾದಾಮಿ, ಗುಳೇದಗುಡ್ಡದ ಕಡೆ ಮರಳುಗಲ್ಲು. ಖಾನಾಪುರದ ಕಡೆ ಜಂಬಿಟ್ಟಿಗೆ. ಆರನೇ ಅಡಿಗೆ ಕಲ್ಲು ತಗುಲಿದರೆ ಅದನ್ನು ಒಡೆಯುವ ಬ್ರೇಕರ್ ಬೇಕು, ಅದರ ದರವೇ ಬೇರೆ. ಒಂದು ತಾಸಿನ ಗುಂಡಿ ಈ ಪ್ರಶ್ನೆಗೆ ಉತ್ತರ ಕೊಡುತ್ತದೆ. ಎರೆಭೂಮಿಯಲ್ಲಿ ಏಪ್ರಿಲ್-ಮೇವರೆಗೆ ಕಾದರೆ ಮಣ್ಣು ಕಲ್ಲಾಗಿ ಬಕೆಟ್ಟಿನ ಹಲ್ಲು ಸವೆಯುತ್ತವೆ, ಗಂಟೆಗಳು ಏರುತ್ತವೆ. ಮಳೆ ಬಿದ್ದ ಮೇಲೆ ಹೋದರೆ ಗಾಲಿ ಹೂಳುತ್ತದೆ, ಮಣ್ಣು ಬಕೆಟ್ಟಿಗೆ ಅಂಟಿ ಅರ್ಧ ಮಾತ್ರ ಬೀಳುತ್ತದೆ. ಹಿಂಗಾರಿ ರಾಶಿಯಾದ ಕೂಡಲೇ, ಒಳಗೆ ಇನ್ನೂ ತುಸು ಹಸಿ ಇರುವಾಗ ಅಗೆಸುವುದು ಒಳ್ಳೆಯದು. ಮೇಲಿನ ಒಂದು ಅಡಿ ಮಣ್ಣನ್ನು ಬೇರೆ ಗುಡ್ಡೆ ಹಾಕಿಸಿ, ಅದು ಹೊಲಕ್ಕೆ. ಕೆಳಗಿನ ಗರಸು ದಾರಿಗೆ, ಒಡ್ಡಿಗೆ. ಎರಡನ್ನೂ ಕಲಸಿ ಹೊಲದ ಮೇಲೆ ಹರಡಿಬಿಟ್ಟರೆ ಆ ತುಂಡು ಹಲವು ವರ್ಷ ಪೈರು ಕೊಡುವುದಿಲ್ಲ.

ಬಾಡಿಗೆಯಲ್ಲಿ ಹಣ ಸೋರುವುದು ದರದಲ್ಲಲ್ಲ, ಟ್ರೇಲರುಗಳ ಕೊರತೆಯಲ್ಲಿ. 10 ಅಡಿ ಉದ್ದ, 6 ಅಡಿ ಅಗಲ, 2 ಅಡಿ ಎತ್ತರದ ಟ್ರೇಲರ್ 120 ಘನ ಅಡಿ ಹಿಡಿಯುತ್ತದೆ. ಜೆಸಿಬಿಯ ಮುಂದಿನ ಬಕೆಟ್ ಮೂರು-ನಾಲ್ಕು ಸಲ ಸುರಿದರೆ ತುಂಬಿತು, ಸರಿಸಿ ನಿಲ್ಲಿಸುವುದೂ ಸೇರಿ ಐದು ನಿಮಿಷ. ಹೋಗಿ ಚೆಲ್ಲಿ ಬರಲು 15 ನಿಮಿಷ ಬೇಕಾದರೆ ನಾಲ್ಕು ಟ್ರೇಲರ್ ಇರಲೇಬೇಕು. ಎರಡೇ ಇದ್ದರೆ ಯಂತ್ರ ಪ್ರತಿ 20 ನಿಮಿಷಕ್ಕೆ 10 ನಿಮಿಷ ಸುಮ್ಮನೆ ನಿಲ್ಲುತ್ತದೆ, ಇಂಜಿನ್ ಚಾಲೂ ಇರುವುದರಿಂದ ಅವರ್ ಮೀಟರ್ ಮಾತ್ರ ಓಡುತ್ತಲೇ ಇರುತ್ತದೆ. ಟ್ರೇಲರ್ ಸಿಗದಿದ್ದರೆ ಅಗೆದು ಗುಡ್ಡೆ ಹಾಕಿಸಿ ಯಂತ್ರ ಕಳಿಸಿಬಿಡಿ, ಹೇರುವುದನ್ನು ನಿಮ್ಮದೇ ಲೋಡರಿನಿಂದ ಬಿಡುವಿನಲ್ಲಿ ಮಾಡಿಕೊಳ್ಳಿ.

ಆ ಲೋಡರ್ ಹೇಗಿರಬೇಕು? ಟ್ರ್ಯಾಕ್ಟರ್ ಮುಂದೆ ಕಟ್ಟುವ ಡೋಜರ್ ಪಟ್ಟಿಯನ್ನೇ ಲೋಡರ್ ಎಂದು ತಿಳಿಯಬೇಡಿ. ಅದು ಮಣ್ಣು ತಳ್ಳುತ್ತದೆ, ಎತ್ತಿ ಟ್ರೇಲರಿಗೆ ಹಾಕುವುದಿಲ್ಲ. ಲೋಡರ್ ಮಾರುವವರು ‘ಒಂದು ಟನ್ ಎತ್ತುತ್ತದೆ’ ಅನ್ನುತ್ತಾರೆ. ಎಲ್ಲಿ ಅಳೆದ ಟನ್ ಎಂದು ಕೇಳಿ. ತೋಳಿನ ತುದಿಯ ಪಿನ್ನಿನಲ್ಲಿ, ನೆಲಮಟ್ಟದಲ್ಲಿ ಅಳೆದ ಸಂಖ್ಯೆ ಯಾವಾಗಲೂ ದೊಡ್ಡದು. ನಿಮಗೆ ಬೇಕಾದದ್ದು ಪೂರ್ತಿ ಎತ್ತರದಲ್ಲಿ, ಪಿನ್ನಿನಿಂದ ಅರ್ಧ ಮೀಟರ್ ಮುಂದೆ ಎಷ್ಟು ಎತ್ತುತ್ತದೆ ಎಂಬುದು, ಏಕೆಂದರೆ ಮಣ್ಣು ಕೂರುವುದು ಅಲ್ಲಿ. ಜೊತೆಗೆ ಬಕೆಟ್ ಬಗ್ಗಿಸಿದಾಗ ಅದರ ತುಟಿ ನೆಲದಿಂದ ಎಷ್ಟು ಎತ್ತರದಲ್ಲಿರುತ್ತದೆ ಎಂದೂ ಕೇಳಿ. ಟ್ರೇಲರಿನ ಪಕ್ಕ ಐದೂವರೆ ಅಡಿ ಇದ್ದರೆ ತುಟಿ ಏಳು ಅಡಿಯಾದರೂ ಏರಬೇಕು.

ಬಕೆಟ್ ದೊಡ್ಡದಿದ್ದಷ್ಟೂ ಒಳ್ಳೆಯದೆಂಬ ನಂಬಿಕೆ ಮುಂದಿನ ಅಚ್ಚಿಗೆ ಪೆಟ್ಟು ಕೊಡುತ್ತದೆ. ಅರ್ಧ ಘನ ಮೀಟರಿನ ಬಕೆಟ್ಟಿನಲ್ಲಿ ಒಣ ತಿಪ್ಪೆಗೊಬ್ಬರ 300–350 ಕಿಲೋ ಬಂದರೆ, ಹಸಿ ಎರೆಮಣ್ಣು 800 ಕಿಲೋ ದಾಟುತ್ತದೆ. 45 ಎಚ್‌ಪಿಯ ಎರಡು ಗಾಲಿ ಚಾಲನೆಯ ಟ್ರ್ಯಾಕ್ಟರಿನ ಮುಂದಿನ ಅಚ್ಚು ಆ ಭಾರಕ್ಕೆ ಮಾಡಿದ್ದಲ್ಲ. ಮೊದಲು ಕಿಂಗ್‌ಪಿನ್ (ಮುಂದಿನ ಗಾಲಿ ಹೊರಳುವ ಪಿನ್) ಬುಶ್, ಆಮೇಲೆ ಗಾಲಿಯ ಬೇರಿಂಗ್, ಆಮೇಲೆ ಸ್ಟೇರಿಂಗ್ ಹೋಗುತ್ತವೆ. ಮಣ್ಣು-ಗರಸಿಗೆ 0.3 ಘನ ಮೀಟರಿನ ಬಕೆಟ್, ಗೊಬ್ಬರಕ್ಕೆ, ಸಕ್ಕರೆ ಕಾರ್ಖಾನೆಯ ಪ್ರೆಸ್‌ಮಡ್ಡಿಗೆ ಬೇರೆ ದೊಡ್ಡ ಬಕೆಟ್ ಇಟ್ಟುಕೊಳ್ಳಿ. ನಾಲ್ಕು ಗಾಲಿ ಚಾಲನೆ, ಪವರ್ ಸ್ಟೇರಿಂಗ್, ಮುಂದೆ-ಹಿಂದೆ ಹೋಗಲು ಒಂದೇ ಲಿವರಿನ ಶಟಲ್ ಗೇರ್ ಇರುವ ಟ್ರ್ಯಾಕ್ಟರಿಗೇ ಲೋಡರ್ ಕಟ್ಟಿಸಿ. ತಾಸಿಗೆ ನೂರು ಸಲ ಕ್ಲಚ್ ತುಳಿಯುವ ಕೆಲಸ ಇದು, ಸಾಮಾನ್ಯ ಗೇರಿನಲ್ಲಿ ಕ್ಲಚ್ ಪ್ಲೇಟ್ ಬಹಳ ದಿನ ತಾಳುವುದಿಲ್ಲ.

ಎದುರುಭಾರದ, ಅಂದರೆ ಮುಂದಿನ ಹೊರೆಯನ್ನು ತೂಗಿಸಲು ಹಿಂದೆ ಇಡುವ ಭಾರದ ವಿಷಯದಲ್ಲಿ ಅನುಭವಿಗಳೂ ತಪ್ಪುತ್ತಾರೆ. ಹಿಂದಿನ ಗಾಲಿಗೆ ನೀರು ತುಂಬಿಸಿದರೆ ಹಿಡಿತ ಬರುತ್ತದೆ, ಆದರೆ ಮುಂದಿನ ಅಚ್ಚಿನ ಮೇಲಿನ ಹೊರೆ ಒಂದು ಕಿಲೋ ಕೂಡ ಇಳಿಯುವುದಿಲ್ಲ. ಆ ನೀರಿನ ಭಾರ ಹಿಂದಿನ ಅಚ್ಚಿನ ನೇರಕ್ಕೇ ಇರುತ್ತದೆ. ಭಾರ ಅಚ್ಚಿನಿಂದ ಹಿಂದಕ್ಕೆ ಇದ್ದರೆ ಮಾತ್ರ ತಕ್ಕಡಿಯಂತೆ ಮುಂಭಾಗ ಹಗುರಾಗುತ್ತದೆ. ಟ್ರ್ಯಾಕ್ಟರಿನ ಹಿಂದಿನ ಲಿಫ್ಟಿಗೆ 400–500 ಕಿಲೋ ಕಾಂಕ್ರೀಟ್ ತುಂಬಿದ ಪೆಟ್ಟಿಗೆ ಕಟ್ಟುವುದು ಅದಕ್ಕೇ. ತುಂಬಿದ ಬಕೆಟ್ಟನ್ನು ಮೊಣಕಾಲಿನ ಎತ್ತರದಲ್ಲೇ ಒಯ್ಯಬೇಕು, ಟ್ರೇಲರಿನ ಹತ್ತಿರ ನಿಂತ ಮೇಲೆ ಎತ್ತಬೇಕು. ಎತ್ತಿದ ಬಕೆಟ್ಟಿನ ಕೆಳಗೆ ಯಾರೂ ನಿಲ್ಲಬಾರದು, ಹೋಸ್ ಒಡೆದರೆ ತೋಳು ಕ್ಷಣದಲ್ಲಿ ಬೀಳುತ್ತದೆ.

ಈ ಪತ್ರ ಬರೆಯಲು ಮುಖ್ಯ ಕಾರಣ ಟ್ರ್ಯಾಕ್ಟರಿನ ತ್ರೀ ಪಾಯಿಂಟ್ ಲಿಂಕೇಜಿಗೆ (ನೇಗಿಲು ಕಟ್ಟುವ ಹಿಂದಿನ ಮೂರು ತೋಳುಗಳಿಗೆ) ನೇರವಾಗಿ ಪಿನ್ ಹಾಕಿ ಕಟ್ಟುವ ಬ್ಯಾಕ್‌ಹೋ. ದಯವಿಟ್ಟು ಅದನ್ನು ಕೊಳ್ಳಬೇಡಿ. ಟ್ರ್ಯಾಕ್ಟರಿಗೆ ಲಾರಿಯಂತೆ ಚಾಸಿ ಇಲ್ಲ. ಇಂಜಿನ್, ಕ್ಲಚ್ ಹೌಸಿಂಗ್, ಗೇರ್‌ಬಾಕ್ಸ್, ಹಿಂದಿನ ಅಚ್ಚು ಒಂದಕ್ಕೊಂದು ಬೋಲ್ಟಿನಲ್ಲಿ ನಿಂತಿವೆ. ಹಲ್ಲು ಕಲ್ಲಿಗೆ ಸಿಕ್ಕಾಗ ಬರುವ ಎಳೆತವೆಲ್ಲ ಆ ಬೋಲ್ಟುಗಳ ಮೇಲೆ ಬೀಳುತ್ತದೆ. ಕ್ಲಚ್ ಹೌಸಿಂಗಿನ ಕೂಡುಗೆರೆಯಲ್ಲಿ ಸಣ್ಣಗೆ ಎಣ್ಣೆ ಒಸರಿ ಧೂಳು ಅಂಟಿದ ಗೀಟು ಕಂಡರೆ ಬೋಲ್ಟು ಸಡಿಲಾಗಿವೆಯೋ, ಎರಕ ಸೀಳಿದೆಯೋ ಎಂದು ಕೂಡಲೇ ನೋಡಿಸಿ. ಅದಕ್ಕಿಂತ ಭಯದ ಮಾತು ಬೇರೆ ಇದೆ. ಬಕೆಟ್ ಆಳದಲ್ಲಿ ಸಿಕ್ಕಿಕೊಂಡಾಗ ಎಳೆದರೆ ಇಡೀ ಬ್ಯಾಕ್‌ಹೋ ಮೇಲಕ್ಕೆ ಮಡಚಿಕೊಂಡು ಬರುತ್ತದೆ, ನಡೆಸುವವನು ಅದಕ್ಕೂ ಟ್ರ್ಯಾಕ್ಟರಿಗೂ ನಡುವೆ ಸಿಗುತ್ತಾನೆ. ಹಿಂದಿನ ಅಚ್ಚಿನಿಂದ ಮುಂಭಾಗದವರೆಗೆ ಟ್ರ್ಯಾಕ್ಟರಿನ ಎರಡೂ ಪಕ್ಕ ಉದ್ದಕ್ಕೂ ಹೋಗುವ ಉಕ್ಕಿನ ಚೌಕಟ್ಟಿಗೆ (ಸಬ್‌ಫ್ರೇಮಿಗೆ) ಕೂರಿಸಿದ, ತನ್ನದೇ ಎರಡು ಊರುಗಾಲು, ಟ್ರ್ಯಾಕ್ಟರಿನ ಹಿಂದೆ ತಿರುಗುವ ಶಾಫ್ಟಿನಿಂದ (ಪಿಟಿಒ) ಓಡುವ ಪಂಪು, ಬೇರೆ ಎಣ್ಣೆಟ್ಯಾಂಕು ಇರುವ ಬ್ಯಾಕ್‌ಹೋ ಮಾತ್ರ ಕೆಲಸಕ್ಕೆ ಯೋಗ್ಯ. ಟ್ರ್ಯಾಕ್ಟರಿನ ಸ್ವಂತ ಪಂಪಿಗೇ ಜೋಡಿಸಿದರೆ ವೇಗ ಬರುವುದಿಲ್ಲ, ಎಣ್ಣೆ ಕಾಯುತ್ತದೆ. ಅದೇ ಎಣ್ಣೆ ಗೇರ್‌ಬಾಕ್ಸಿನದೂ ಆಗಿರುವುದರಿಂದ ಸಿಲಿಂಡರಿನ ಕೊಳೆ ಅಲ್ಲಿಗೇ ಸೇರುತ್ತದೆ.

ಗುಂಡಿ ತೋಡುವ ಆಗರ್ ಬಗ್ಗೆಯೂ ಒಂದು ಮಾತು. ದಾಳಿಂಬೆಯನ್ನು 12×10 ಅಡಿಗೆ ಹಾಕಿದರೆ ಎಕರೆಗೆ 363 ಗುಂಡಿ, ಎರಡು ಅಡಿ ಚೌಕದ್ದು, ಎರಡು ಅಡಿ ಆಳದ್ದು. ಆಗರ್ ಬೇಗ ಮುಗಿಸುತ್ತದೆ, ನಿಜ. ಆದರೆ ಹಸಿ ಎರೆಯಲ್ಲಿ ಅದು ಗುಂಡಿಯ ಗೋಡೆಯನ್ನು ಗಿಲಾಯಿ ಮಾಡಿದಂತೆ ನುಣುಪು ಮಾಡಿಬಿಡುತ್ತದೆ. ನೀರು ಬಸಿಯುವುದಿಲ್ಲ, ಬೇರು ಗೋಡೆ ಒಡೆಯಲಾಗದೆ ಒಳಗೇ ಸುತ್ತುತ್ತದೆ. ಸಸಿ ಇಡುವ ಮೊದಲು ಹಾರೆಯಿಂದ ಗೋಡೆಯನ್ನು ಸುತ್ತಲೂ ಗೀರಿ ಒರಟು ಮಾಡಲೇಬೇಕು. ಒಂದೇ ಉಸಿರಿಗೆ ಕೆಳಗಿಳಿಸಿದರೆ ಆಗರ್ ಸ್ಕ್ರೂನಂತೆ ತಾನೇ ಹೊಕ್ಕು ಸಿಕ್ಕಿಕೊಳ್ಳುತ್ತದೆ. ಅರ್ಧ ಅಡಿಗೊಮ್ಮೆ ಎತ್ತಿ ಮಣ್ಣು ಚೆಲ್ಲಿಸಿ. ಹೊರೆ ಮೀರಿದಾಗ ತಾನು ಮುರಿದು ಗೇರ್‌ಬಾಕ್ಸ್ ಉಳಿಸುವ ಶಿಯರ್ ಬೋಲ್ಟ್ ತುಂಡಾದರೆ ಅದೇ ದರ್ಜೆಯ ಬೋಲ್ಟ್ ಹಾಕಿ. ಗಟ್ಟಿ ಬೋಲ್ಟ್ ಹಾಕಿದರೆ ಮುಂದಿನ ಸಲ ಮುರಿಯುವುದು ಗೇರ್‌ಬಾಕ್ಸ್.

ಉಪ್ಪು ಏರಿದ, ನೀರು ನಿಲ್ಲುವ ಸವಳು-ಜವಳು ಭೂಮಿಯ ಬಸಿಗಾಲುವೆಗೆ ಬಕೆಟ್ಟಿನ ಅಗಲವೇ ಖರ್ಚು ನಿರ್ಧರಿಸುತ್ತದೆ. 1.2 ಮೀಟರ್ ಆಳದ ನೂರು ಮೀಟರ್ ಕಾಲುವೆಯನ್ನು 45 ಸೆಂ.ಮೀ. ಬಕೆಟ್ಟಿನಲ್ಲಿ ತೆಗೆದರೆ 54 ಘನ ಮೀಟರ್ ಮಣ್ಣು. ಜೆಸಿಬಿಗೆ ಇರುವ 90 ಸೆಂ.ಮೀ. ಬಕೆಟ್ಟಿನಲ್ಲೇ ಅಗೆಸಿದರೆ 108. ಅಗೆದದ್ದೂ ಇಮ್ಮಡಿ, ಮುಚ್ಚುವುದೂ ಇಮ್ಮಡಿ. ಸಣ್ಣ ಬಕೆಟ್ ತರುತ್ತೀರಾ ಎಂದು ಬಾಡಿಗೆಯವರನ್ನು ಫೋನಿನಲ್ಲೇ ಕೇಳಿ. ಅಷ್ಟು ಆಳದ ಎರೆಮಣ್ಣಿನ ಗೋಡೆ ಹೇಳದೆ ಕುಸಿಯುತ್ತದೆ. ಪೈಪ್ ಹಾಕಲು ಆಳನ್ನು ಇಳಿಸುವ ಮುನ್ನ ಅಗೆದ ಮಣ್ಣಿನ ಗುಡ್ಡೆಯನ್ನು ಅಂಚಿನಿಂದ ದೂರ ಸರಿಸಿರಬೇಕು, ಅದಕ್ಕೂ ಆಳ ಹೋದರೆ ಪಕ್ಕಗಳಿಗೆ ಇಳಿಜಾರು ಕೊಡದೆ ಇಳಿಸಲೇಬಾರದು.

ಇಷ್ಟರ ಮೇಲೂ ಹಳೆಯ ಜೆಸಿಬಿಯನ್ನೇ ಕೊಳ್ಳುವವರು ಬಣ್ಣಕ್ಕೆ ಮರುಳಾಗದೆ ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ಹೋಗಬೇಕು. ಮುಂದಿನ ತೋಳನ್ನು ಪೂರ್ತಿ ಎತ್ತಿ ಇಂಜಿನ್ ಬಂದ್ ಮಾಡಿ ಹತ್ತು ನಿಮಿಷ ನೋಡಿ. ಹೊರಗೆ ಎಣ್ಣೆ ಕಾಣದೆ ತೋಳು ಇಳಿದರೆ ಸಿಲಿಂಡರ್ ಸೀಲ್ ಅಥವಾ ವಾಲ್ವ್ ಹೋಗಿದೆ. ಹಿಂದಿನ ಕೈಯನ್ನು ಉದ್ದಕ್ಕೆ ಚಾಚಿಸಿ, ಬಕೆಟ್ಟನ್ನು ಪಕ್ಕಕ್ಕೆ ತಳ್ಳಿ ಬುಡದಲ್ಲಿ ಎಷ್ಟು ಆಟವಿದೆ ಎಂದು ನೋಡಿ, ಆ ಕೈ ಹೊರಳುವ ಬುಡದ ಕಿಂಗ್‌ಪೋಸ್ಟ್ ರಿಪೇರಿ ದುಬಾರಿ. ಪಿನ್ನಿನ ತೂತು ಮೊಟ್ಟೆಯಾಕಾರ ಆಗಿದ್ದು ಅವರ್ ಮೀಟರ್ ಮಾತ್ರ ಕಡಿಮೆ ತೋರಿಸಿದರೆ ಪಿನ್ನನ್ನೇ ನಂಬಿ. ಹೈಡ್ರಾಲಿಕ್ ಎಣ್ಣೆ ಹಾಲಿನಂತಿದ್ದರೆ ನೀರು ಸೇರಿದೆ. ಆರ್‌ಸಿಯಲ್ಲಿ ಸಾಲದ ನಮೂದು ಇದ್ದರೆ ಬ್ಯಾಂಕಿನ ನಿರಾಕ್ಷೇಪಣಾ ಪತ್ರ ಕೈಗೆ ಬರುವವರೆಗೆ ಹಣ ಕೊಡಬೇಡಿ.

ಹೋಬಳಿ ಮಟ್ಟದ ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ ರೋಟವೇಟರ್, ನೇಗಿಲು, ಕೂರಿಗೆ ಸಿಗುವಂತೆ ಎದುರುಭಾರದ ಪೆಟ್ಟಿಗೆ ಸಮೇತ ಒಂದು ಲೋಡರ್ ಟ್ರ್ಯಾಕ್ಟರ್, ಒಂದು ಆಗರ್, 45 ಸೆಂ.ಮೀ. ಬಕೆಟ್ಟಿನ ಸಬ್‌ಫ್ರೇಮ್ ಬ್ಯಾಕ್‌ಹೋ ಕೂಡ ಬಾಡಿಗೆಗೆ ಸಿಗುವಂತಾಗಬೇಕು. ಲೋಡರ್ ಮಾರುವವರು ಕೊಟೇಶನ್ನಿನಲ್ಲಿ ಪೂರ್ತಿ ಎತ್ತರದ ಎತ್ತುವ ಸಾಮರ್ಥ್ಯವನ್ನೂ, ಬಕೆಟ್ಟಿನ ಘನ ಅಳತೆಯನ್ನೂ, ಬೇಕಾದ ಎದುರುಭಾರವನ್ನೂ ಕನ್ನಡದಲ್ಲಿ ಬರೆದುಕೊಡಬೇಕೆಂದು ಕೃಷಿ ಇಲಾಖೆ ಕಡ್ಡಾಯ ಮಾಡಲಿ. ಈ ಹಂಗಾಮಿಗೆ ಅದು ಆಗದಿದ್ದರೆ, ರೈತರು ತಾವೇ ಈ ಮೂರು ಅಂಕಿಗಳನ್ನು ಬರೆಸಿ ಸಹಿ ಹಾಕಿಸಿಕೊಂಡ ಮೇಲೆಯೇ ಮುಂಗಡ ಕೊಡಲಿ.

ಇಂತಿ,
ಓದುಗ,
ಮುಧೋಳ ತಾಲ್ಲೂಕು, ಬಾಗಲಕೋಟೆ ಜಿಲ್ಲೆ