ಪದಕದಿಂದ ಸೀಟು ಸಿಗುತ್ತದೆಯೇ? ಪಾಲಕರಿಗೆ ಮೊದಲೇ ಹೇಳಿಬಿಡೋಣ

ಮಾನ್ಯ ಸಂಪಾದಕರೇ,

ನಾನು ದಾವಣಗೆರೆಯ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಬಹಳ ವರ್ಷಗಳಿಂದ ಅಲ್ಲಿನ ಗೈಡ್ ಕ್ಯಾಪ್ಟನ್, ಅಂದರೆ ಸ್ಕೌಟ್ಸ್ ಮತ್ತು ಗೈಡ್ಸ್‌ನ ಹುಡುಗಿಯರ ದಳ ನಡೆಸುವವಳು ಕೂಡ ನಾನೇ. ಜೂನ್‌ನಲ್ಲಿ ಹೊಸ ಹುಡುಗಿಯರನ್ನು ದಳಕ್ಕೆ ಸೇರಿಸಿಕೊಳ್ಳುವಾಗ ತಾಯಂದಿರು ಮೊದಲೆಲ್ಲ "ಕ್ಯಾಂಪಿಗೆ ಹೋದ್ರೆ ರಾತ್ರಿ ಜೊತೆಗೆ ಯಾರಿರ್ತಾರೆ?" ಎಂದು ಕೇಳುತ್ತಿದ್ದರು. ಈಗ ಕೇಳುವುದು ಬೇರೆ. "ಇದ್ರಿಂದ ಮುಂದೆ ಸೀಟ್ ಸಿಗ್ತತೇನ್ರಿ ಮೇಡಂ?"

ಅವರು ಕೇಳುವುದರಲ್ಲಿ ತಪ್ಪೇನೂ ಇಲ್ಲ. ಮಗಳ ಭಾನುವಾರಗಳು ಹೋಗುತ್ತವೆ, ಸಮವಸ್ತ್ರಕ್ಕೆ ದುಡ್ಡು ಬೇಕು, ಹತ್ತನೇ ತರಗತಿ ಹತ್ತಿರ ಬರುತ್ತದೆ. ಇದರಿಂದ ಏನು ಸಿಗುತ್ತದೆ ಎಂದು ತಿಳಿದುಕೊಳ್ಳುವ ಹಕ್ಕು ಅವರಿಗಿದೆ. ಅದಕ್ಕೆ ನೇರ ಉತ್ತರ ಕೊಡುವವರು ಕಡಿಮೆ. ಶಾಲೆಯವರು "ತುಂಬಾ ಉಪಯೋಗ ಆಗುತ್ತೆ" ಅಂತಾರೆ. ಕೋಚಿಂಗ್‌ನವರು "ಅದೆಲ್ಲ ಟೈಮ್ ವೇಸ್ಟ್" ಅಂತಾರೆ. ಎರಡೂ ಅರ್ಧ ಸತ್ಯ. ನನಗೆ ತಿಳಿದದ್ದನ್ನು ನಿಮ್ಮ ಪತ್ರಿಕೆಯ ಮೂಲಕ ಪಾಲಕರಿಗೆ ಹೇಳಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾದರೂ ದಯವಿಟ್ಟು ಜಾಗ ಕೊಡಿ.

ಮೊದಲು ನಮ್ಮ ರಾಜ್ಯದ ಪ್ರವೇಶ ಪರೀಕ್ಷೆ ಸಿಇಟಿ ವಿಷಯ. ಎಂಜಿನಿಯರಿಂಗ್ ರ‍್ಯಾಂಕ್ ಹೇಗೆ ಬರುತ್ತದೆ? ಎರಡನೇ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಗಳಿಗೆ ಅರ್ಧ, ಸಿಇಟಿ ಅಂಕಗಳಿಗೆ ಅರ್ಧ. ಅಷ್ಟೇ. ಪ್ರತಿಭಾ ಕಾರಂಜಿಯಲ್ಲಿ ಜಿಲ್ಲೆಗೇ ಮೊದಲು ಬಂದಿದ್ದರೂ, ಯುವ ಸಾಧಕ ಎಂದು ಶಾಲು ಹೊದಿಸಿಕೊಂಡಿದ್ದರೂ ಅದರಲ್ಲಿ ಒಂದು ಅಂಕವೂ ಸೇರುವುದಿಲ್ಲ. ನೀಟ್ ರ‍್ಯಾಂಕ್ ನೀಟ್ ಅಂಕದಿಂದ ಬರುತ್ತದೆ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನಲ್ಲಿ ಐದು ವರ್ಷದ ಕಾನೂನು ಓದಬೇಕೆಂದರೆ ಕ್ಲ್ಯಾಟ್ ಬರೆಯಬೇಕು. ಅಲ್ಲೂ ನಿಮ್ಮ ಪದಕದ ಪೆಟ್ಟಿಗೆಯನ್ನು ಯಾರೂ ತೆಗೆಸಿ ನೋಡುವುದಿಲ್ಲ. ನಮ್ಮ ಭಾಗದ ಬಹುಪಾಲು ಮಕ್ಕಳು ಹೋಗುವ ದಾರಿ ಇದೇ ಅಲ್ವಾ? ಹಾಗಾಗಿ ಇದನ್ನೇ ಮೊದಲು ಹೇಳಬೇಕು.

ಒಂದು ಸಣ್ಣ ಬಾಗಿಲು ಮಾತ್ರ ಇದೆ. ಸಿಇಟಿಯಲ್ಲಿ ಎನ್‌ಸಿಸಿ, ಕ್ರೀಡೆ, ಸ್ಕೌಟ್ಸ್ ಮತ್ತು ಗೈಡ್ಸ್ ಮಕ್ಕಳಿಗೆ ವಿಶೇಷ ಪ್ರವರ್ಗದ ಸೀಟುಗಳಿವೆ. ಅವು ಬಹಳ ಕಡಿಮೆ. ಅದಕ್ಕೂ ಸಿಇಟಿ ಬರೆದು ರ‍್ಯಾಂಕ್ ಪಡೆದಿರಬೇಕು. ಅರ್ಜಿ ತುಂಬುವಾಗಲೇ ಆ ಕಾಲಂ ತುಂಬಿರಬೇಕು. ಮೂಲ ದಾಖಲೆ ತೋರಿಸಬೇಕು. ಯಾವ ಹಂತದ ಪ್ರಮಾಣಪತ್ರ ನಡೆಯುತ್ತದೆ, ಯಾವ ಕೋರ್ಸಿಗೆ ನಡೆಯುತ್ತದೆ ಎನ್ನುವುದು ಸಿಇಟಿ ನಡೆಸುವ ಪರೀಕ್ಷಾ ಪ್ರಾಧಿಕಾರದ ಆಯಾ ವರ್ಷದ ಕೈಪಿಡಿಯಲ್ಲೇ ಇರುತ್ತದೆ. ಅದನ್ನು ಓದದೆ, ಯಾರೋ ಹೇಳಿದರೆಂದು ನಂಬಿ, ಕೊನೇ ದಿನ ಮಲ್ಲೇಶ್ವರದ ಕಚೇರಿಗೆ ಓಡುವ ಪಾಲಕರನ್ನು ಕಂಡಿದ್ದೇನೆ. ಹಾವೇರಿಯಿಂದಲೋ ಹೊಸಪೇಟೆಯಿಂದಲೋ ರಾತ್ರಿ ಬಸ್ಸು ಹತ್ತಿ ಬಂದು, ಪ್ರಮಾಣಪತ್ರ ಸರಿಯಿಲ್ಲ ಅನ್ನಿಸಿಕೊಂಡು ವಾಪಸ್ ಹೋಗುವ ನೋವು ಯಾರಿಗೂ ಬೇಡ.

ಐಐಟಿಯ ಮಾತೂ ಬರುತ್ತದೆ. ಐಐಟಿ ಮದ್ರಾಸ್ 2024-25ರಿಂದ ಕ್ರೀಡಾಪಟುಗಳಿಗೆ ಪ್ರತಿ ಕೋರ್ಸಿನಲ್ಲಿ 2 ಸೀಟು ಇಟ್ಟಿದೆ, ಅದರಲ್ಲಿ 1 ಹೆಣ್ಣುಮಕ್ಕಳಿಗೆ. ಒಳ್ಳೆಯ ಹೆಜ್ಜೆ. ಆದರೆ ಅದಕ್ಕೂ ಜೆಇಇ ಅಡ್ವಾನ್ಸ್ಡ್ ಪಾಸಾಗಿರಬೇಕು, ರಾಷ್ಟ್ರ ಮಟ್ಟದ ಇಲ್ಲವೇ ಅಂತರರಾಷ್ಟ್ರೀಯ ಪದಕ ಇರಬೇಕು. ಹೋಬಳಿ ಮಟ್ಟದ ಖೋ ಖೋ ಪ್ರಮಾಣಪತ್ರ ಹಿಡಿದು ಅಲ್ಲಿಗೆ ಹೋಗಲು ಬರುವುದಿಲ್ಲ.

ಇನ್ನು ನನಗೆ ಸಿಟ್ಟು ಬರಿಸುವ ವಿಷಯಕ್ಕೆ ಬರುತ್ತೇನೆ. ದುಡ್ಡು ತೆಗೆದುಕೊಂಡು ಪ್ರಶಸ್ತಿ ಕೊಡುವವರು ಈಗ ಊರೂರಿಗೂ ಬಂದಿದ್ದಾರೆ. ನನ್ನ ಹಳೆಯ ವಿದ್ಯಾರ್ಥಿನಿ ಒಬ್ಬಳ ಅಪ್ಪ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುತ್ತಾರೆ. ಹುಡುಗಿ ಯೋಗಾಸನದಲ್ಲಿ ಜಿಲ್ಲಾ ಮಟ್ಟದಲ್ಲಿ ಗೆದ್ದಳು, ಸ್ಥಳೀಯ ಪತ್ರಿಕೆಯಲ್ಲಿ ಫೋಟೋ ಬಂತು. ವಾರದಲ್ಲೇ ಬೆಂಗಳೂರಿನಿಂದ ಫೋನ್. "ನಿಮ್ಮ ಮಗಳು ರಾಷ್ಟ್ರೀಯ ಯುವ ಪ್ರತಿಭೆಯಾಗಿ ಆಯ್ಕೆಯಾಗಿದ್ದಾಳೆ, ಪದಕ, ಶಾಲು, ಪ್ರಮಾಣಪತ್ರ ಎಲ್ಲ ಸೇರಿ 8,500 ರೂಪಾಯಿ ಕಟ್ಟಿ, ಇದು ಮುಂದೆ ಕಾಲೇಜು ಸೀಟಿಗೂ ವಿದೇಶದ ಅರ್ಜಿಗೂ ಆಗುತ್ತೆ" ಎಂದರಂತೆ. ಮನೆಯಲ್ಲಿ ಅಷ್ಟು ದುಡ್ಡು ಇರಲಿಲ್ಲ. ತಾಯಿ ಮಹಿಳಾ ಸಂಘದಲ್ಲಿ ಸಾಲ ತೆಗೆದರು. ಬಸ್ ಚಾರ್ಜು ಬೇರೆ.

ಸಭಾಂಗಣದಲ್ಲಿ ಇವಳಂತೆಯೇ ದುಡ್ಡು ಕಟ್ಟಿ ಬಂದ ಮಕ್ಕಳು ಸಾಲಾಗಿ ನಿಂತಿದ್ದರಂತೆ. ಹೆಸರು ಕೂಗಿ, ಫೋಟೋ ತೆಗೆದು, ಕಳಿಸಿಬಿಟ್ಟರು. ಮುಂದೆ ಸಿಇಟಿ ಅರ್ಜಿ ತುಂಬುವಾಗ ಅವಳು ಆ ಪ್ರಮಾಣಪತ್ರ ಹಿಡಿದುಕೊಂಡು ನನ್ನ ಹತ್ತಿರ ಬಂದಳು. "ಮಿಸ್, ಇದನ್ನ ಎಲ್ಲಿ ಹಾಕ್ಬೇಕು?" ಹಾಕಲು ಜಾಗವೇ ಇರಲಿಲ್ಲ. ಅವಳಿಗೆ ಸೀಟು ಸಿಕ್ಕಿತು, ಅದು ಅವಳ ಸ್ವಂತ ರ‍್ಯಾಂಕಿನಿಂದ. ಸಂಘದ ಕಂತು ಮಾತ್ರ ಆ ತಾಯಿ ಕಟ್ಟುತ್ತಲೇ ಇದ್ದರು.

ಆ ಹುಡುಗಿಯ ಯೋಗಾಸನ ಸುಳ್ಳಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ಕಲಿತದ್ದು. ಅವಳ ನಿಜವಾದ ಸಾಧನೆಯನ್ನೇ ತೋರಿಸಿ ಅವಳ ಮನೆಯವರಿಂದ ದುಡ್ಡು ಕಿತ್ತುಕೊಂಡರಲ್ಲ, ಅದು ನನಗೆ ತಡೆಯಲಾಗದ ಸಂಕಟ.

ಹಾಗಾದರೆ ಯಾವುದು ನಿಜವಾದ ಪ್ರಶಸ್ತಿ ಎಂದು ಕೇಳಬಹುದು. ದುಡ್ಡು ಕೇಳುತ್ತಾರೋ ಇಲ್ಲವೋ ಎನ್ನುವುದನ್ನು ಮೊದಲು ನೋಡಿ. ಕೇಂದ್ರ ಸರ್ಕಾರದ ಪ್ರಧಾನಮಂತ್ರಿ ರಾಷ್ಟ್ರೀಯ ಬಾಲ ಪುರಸ್ಕಾರಕ್ಕೆ 5ರಿಂದ 18 ವರ್ಷದ ಮಕ್ಕಳು ಅರ್ಜಿ ಹಾಕಬಹುದು, ಶುಲ್ಕವಿಲ್ಲ. ದೇಶಕ್ಕೆಲ್ಲ ಸೇರಿ ಇಪ್ಪತ್ತರ ಆಸುಪಾಸು ಮಕ್ಕಳಿಗೆ ಸಿಗುತ್ತದೆ. ಇನ್‌ಸ್ಪೈರ್ ಮಾನಕ್ ಯೋಜನೆಯಲ್ಲಿ ಆರರಿಂದ ಹನ್ನೆರಡನೇ ತರಗತಿಯ ಮಗು ಒಂದು ಹೊಸ ಯೋಚನೆ ಕಳಿಸಿ ಆಯ್ಕೆಯಾದರೆ, ಮಾದರಿ ಮಾಡಲು ಸರ್ಕಾರವೇ 10,000 ರೂಪಾಯಿ ಮಗುವಿನ ಖಾತೆಗೆ ಹಾಕುತ್ತದೆ. ನಿಜವಾದ ಕಡೆ ದುಡ್ಡು ಮಗುವಿಗೆ ಬರುತ್ತದೆ, ಮಗುವಿನಿಂದ ಹೋಗುವುದಿಲ್ಲ.

ಇಲ್ಲಿ ಇನ್ನೊಂದು ಬೇಸರವನ್ನೂ ಹೇಳಲೇಬೇಕು. ಓದಿಗೆ ನೇರವಾಗಿ ಕೈಹಿಡಿಯುತ್ತಿದ್ದ ಎರಡು ದೊಡ್ಡ ಗೌರವಗಳನ್ನು ನಾವು ಕಳೆದುಕೊಂಡಿದ್ದೇವೆ. ಎನ್‌ಟಿಎಸ್‌ಇ ಎಂಬ ರಾಷ್ಟ್ರೀಯ ಪ್ರತಿಭಾನ್ವೇಷಣೆ ಪರೀಕ್ಷೆ 1963ರಿಂದ ಇತ್ತು. ಹತ್ತನೇ ತರಗತಿಯ ಮಕ್ಕಳು ಬರೆಯುತ್ತಿದ್ದರು, ಪಾಸಾದವರಿಗೆ ಪಿಯುಸಿಯಲ್ಲಿ ತಿಂಗಳಿಗೆ 1,250 ರೂಪಾಯಿ, ಪದವಿಯಲ್ಲಿ 2,000 ರೂಪಾಯಿ ಬರುತ್ತಿತ್ತು. 2021ರ ನಂತರ ಅದು ನಿಂತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ನಡೆಸುತ್ತಿದ್ದ ಕೆವಿಪಿವೈ ಎಂಬ ವಿಜ್ಞಾನ ವಿದ್ಯಾರ್ಥಿವೇತನದ ಪರೀಕ್ಷೆಯಲ್ಲಿ ಗೆದ್ದರೆ ಅದೇ ಸಂಸ್ಥೆಯ ಪದವಿ ಕೋರ್ಸಿಗೂ ದಾರಿ ಇತ್ತು. 2022ರಲ್ಲಿ ಅದನ್ನೂ ಕೇಂದ್ರದ ವಿದ್ಯಾರ್ಥಿವೇತನ ಯೋಜನೆಯಾದ ಇನ್‌ಸ್ಪೈರ್‌ನೊಳಗೆ ಸೇರಿಸಿ ಮುಗಿಸಿದರು. ಹಳ್ಳಿಯ ಜಾಣ ಹುಡುಗನೊಬ್ಬ ಏನೂ ಖರ್ಚಿಲ್ಲದೆ ಏರಬಹುದಾಗಿದ್ದ ಮೆಟ್ಟಿಲುಗಳು ಅವು. ಅವು ಹೋದ ಜಾಗಕ್ಕೆ ಹಣ ಕಟ್ಟಿಸಿಕೊಳ್ಳುವ ಪ್ರಶಸ್ತಿಗಳು ಬಂದು ಕುಳಿತಿವೆ. ಎನ್‌ಟಿಎಸ್‌ಇಯನ್ನು ಮತ್ತೆ ಶುರು ಮಾಡಿ ಎಂದು ನಮ್ಮ ಸಂಸದರು ಒತ್ತಾಯಿಸಬೇಕು.

ವಿದೇಶದ ವಿಷಯ ನನಗೆ ಹತ್ತಿರದಿಂದ ತಿಳಿದದ್ದು ಅಕ್ಕನ ಮಗನಿಂದ. ಅವನು ಬೆಂಗಳೂರಿನಲ್ಲಿ ಓದಿದವನು. ಅವನ ಶಾಲೆಯಲ್ಲಿ ಡ್ಯೂಕ್ ಆಫ್ ಎಡಿನ್‌ಬರೋ ಪ್ರಶಸ್ತಿ ಇತ್ತು. ಬ್ರಿಟನ್ನಿನಲ್ಲಿ 1956ರಲ್ಲಿ ಶುರುವಾದದ್ದು, ಕಂಚು, ಬೆಳ್ಳಿ, ಚಿನ್ನ ಎಂದು ಮೂರು ಹಂತ. ಸೇವೆ, ಕೌಶಲ, ಆಟ, ಸಾಹಸ ಪ್ರಯಾಣ ಎಲ್ಲ ತಿಂಗಳುಗಟ್ಟಲೆ ಮಾಡಬೇಕು. ಅಕ್ಕ ಫೋನ್ ಮಾಡಿ, "ಚಿನ್ನ ಮುಗಿಸಿದ್ರೆ ಒಳ್ಳೆ ಯೂನಿವರ್ಸಿಟಿ ಗ್ಯಾರಂಟಿ ಅಂತಾರಲ್ಲೇ, ಹೌದಾ?" ಎಂದು ಕೇಳಿದಳು. ನಾನೂ ಅವನೂ ಕುಳಿತು ಒಂದೊಂದೇ ನಿಯಮ ಓದಿದೆವು.

ಬ್ರಿಟನ್ನಿನ ವಿಶ್ವವಿದ್ಯಾಲಯಗಳಿಗೆ ಯೂಕ್ಯಾಸ್ ಎಂಬ ಸಂಸ್ಥೆಯ ಮೂಲಕ ಅರ್ಜಿ ಹಾಕಬೇಕು. ಅಲ್ಲಿ ಪಾಸಾದ ಪರೀಕ್ಷೆಗಳಿಗೆ ಪಾಯಿಂಟ್ ಕೊಡುವ ಲೆಕ್ಕ ಇದೆ. ಸಂಗೀತದ ಆರನೇ ಗ್ರೇಡಿನಿಂದ ಎಂಟನೇ ಗ್ರೇಡಿನವರೆಗಿನ ಕೆಲವು ಪರೀಕ್ಷೆಗಳಿಗೆ ಪಾಯಿಂಟ್ ಇದೆ. ಆದರೆ ಅದೇ ದೇಶದ ಡ್ಯೂಕ್ ಪ್ರಶಸ್ತಿಗೆ, ಚಿನ್ನದ ಹಂತಕ್ಕೂ, ಪಾಯಿಂಟ್ ಇಲ್ಲ. ಅಕ್ಕನಿಗೆ ಇದನ್ನು ನಂಬಲಿಕ್ಕೇ ಆಗಲಿಲ್ಲ. ಆ ಕೆಲಸವನ್ನೆಲ್ಲ ಬರೆಯಲು ಬೇರೆ ಜಾಗ ಇದೆ. 2026ರ ಪ್ರವೇಶದಿಂದ ಅರ್ಜಿಯ ಸ್ವಂತ ಬರಹವನ್ನು ಮೂರು ಪ್ರಶ್ನೆಗಳಾಗಿ ಒಡೆದಿದ್ದಾರೆ. ಈ ಕೋರ್ಸು ಯಾಕೆ, ನಿಮ್ಮ ಓದು ಅದಕ್ಕೆ ಹೇಗೆ ಸಿದ್ಧ ಮಾಡಿದೆ, ಓದಿನ ಹೊರಗೆ ಇನ್ನೇನು ಮಾಡಿ ಸಿದ್ಧರಾಗಿದ್ದೀರಿ, ಅದು ಯಾಕೆ ಉಪಯೋಗ. ಆ ಮೂರನೇ ಪ್ರಶ್ನೆಗೆ "ನನಗೆ ಬೆಳ್ಳಿ ಪದಕ ಬಂದಿದೆ" ಎಂದರೆ ಉತ್ತರ ಆಗುವುದಿಲ್ಲ. ಅಮೆರಿಕದ ಕಾಲೇಜುಗಳಿಗೆ ಅರ್ಜಿ ಹಾಕುವ ಕಾಮನ್ ಆ್ಯಪ್‌ನಲ್ಲೂ ಹೀಗೇ. ಹತ್ತು ಚಟುವಟಿಕೆ ಬರೆಯಬಹುದು, ಒಂದೊಂದರ ವಿವರಣೆಗೆ 150 ಅಕ್ಷರ ಅಷ್ಟೇ. ಗೌರವಗಳಿಗೆ ಐದು ಸಾಲು. ಇಪ್ಪತ್ತು ಶಾಲು ಹೊದ್ದಿದ್ದರೂ ಬರೆಯಲು ಅಲ್ಲಿ ಜಾಗ ಇಲ್ಲ.

ಅವನು ಕೊನೆಗೆ ಬರೆದದ್ದು ಸರ್ಕಾರಿ ಶಾಲೆಯ ಮಕ್ಕಳಿಗೆ ಭಿನ್ನರಾಶಿ ಕಲಿಸಿದ ಬಗ್ಗೆ. ಅವನ ಮೊದಲ ವಿವರಣೆ ಮಕ್ಕಳಿಗೆ ತಲೆಗೇ ಹೋಗಲಿಲ್ಲ. ಚಪಾತಿ ಹರಿದು ತೋರಿಸಿದ ಮೇಲೆ ತಿಳಿಯಿತು. ಅವನು ಗಣಿತ ಓದಲು ಅರ್ಜಿ ಹಾಕಿದವನು, ಹಾಗಾಗಿ ಆ ಮಾತಿಗೆ ಅರ್ಥ ಇತ್ತು. ಬೆಳ್ಳಿಯ ಹೆಸರು ಒಂದು ಸಾಲಿನಲ್ಲಿ ಬಂತು. ಚಿನ್ನಕ್ಕೆ ಅವನು ಹೋಗಲಿಲ್ಲ, ಹನ್ನೆರಡನೇ ತರಗತಿಯ ಅಂಕಗಳಿಗೆ ಕುಳಿತ. ಅದೇ ಸರಿ ಎಂದು ನನಗೂ ಅನಿಸಿತು, ಯಾಕೆಂದರೆ ಅಲ್ಲೂ ಮೊದಲು ನೋಡುವುದು ಅಂಕವನ್ನೇ.

ಇಷ್ಟೆಲ್ಲ ಹೇಳಿದ ಮೇಲೆ, ನಾನು ಗೈಡ್ಸ್ ಯಾಕೆ ನಡೆಸುತ್ತೇನೆ? ಗೈಡ್ಸ್‌ನ ರಾಜ್ಯ ಪುರಸ್ಕಾರಕ್ಕೆ ಹೋಗುವ ಹುಡುಗಿ ಪ್ರವೇಶ, ಪ್ರಥಮ, ದ್ವಿತೀಯ, ತೃತೀಯ ಸೋಪಾನ ಎಂಬ ಹಂತಗಳನ್ನೆಲ್ಲ ದಾಟಬೇಕು. ಗಾಯಕ್ಕೆ ಪಟ್ಟಿ ಕಟ್ಟಬೇಕು, ಗಂಟು ಹಾಕಬೇಕು, ದಿಕ್ಸೂಚಿ ಹಿಡಿದು ನಡೆಯಬೇಕು, ಕಂಡದ್ದನ್ನು ಬರೆದಿಡಬೇಕು. ಕೊಂಡಜ್ಜಿಯ ಕ್ಯಾಂಪಿನಲ್ಲಿ ಮೊದಲ ರಾತ್ರಿ ಅತ್ತವಳು ಕೊನೆಯ ದಿನ ಸಣ್ಣವರಿಗೆ ಟೆಂಟು ಕಟ್ಟಲು ಕಲಿಸುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಇದಕ್ಕೆ ಸಿಇಟಿಯಲ್ಲಿ ಅಂಕ ಇಲ್ಲದಿರಬಹುದು. ಆದರೆ ಹದಿನಾಲ್ಕು ವರ್ಷದ ಹುಡುಗಿಗೆ ಇದು ಬೇಕು.

ಓದಿಗೂ ಉಪಯೋಗ ಆಗುವುದುಂಟು, ಅದು ಪಾಲಕರು ಎಣಿಸಿದ ದಾರಿಯಲ್ಲಿ ಬರುವುದಿಲ್ಲ. ಭದ್ರಾ ನಾಲೆಯ ಕೊನೆ ಭಾಗದ ಊರಿನಿಂದ ಒಬ್ಬಳು ಬರುತ್ತಿದ್ದಳು. ನೀರು ಬಿಟ್ಟಾಗ ಯಾವ ಯಾವ ಹೊಲಗಾಲುವೆಗೆ ಎಷ್ಟು ದಿನಕ್ಕೆ ನೀರು ತಲುಪುತ್ತದೆ, ಎಲ್ಲಿ ತಲುಪುವುದೇ ಇಲ್ಲ ಎಂದು ನಡೆದು ನೋಡಿ ನಕ್ಷೆ ಬರೆದಳು. ಅದು ಗೈಡ್ಸ್‌ನ ಹೈಕ್, ಅಂದರೆ ಕಾಲ್ನಡಿಗೆ ಪ್ರಯಾಣದ ಬಗ್ಗೆ ಅವಳು ಬರೆದ ವರದಿ. ಮುಂದೆ ಸಂದರ್ಶನ ಮಾಡಿ ಸೇರಿಸಿಕೊಳ್ಳುವ ಒಂದು ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದಳು. ಪ್ರವೇಶ ಪರೀಕ್ಷೆ ಪಾಸಾದ ಮೇಲೆ ಸಂದರ್ಶನದಲ್ಲಿ ಅವರು ಕೇಳಿದ್ದೆಲ್ಲ ಆ ನಕ್ಷೆಯ ಬಗ್ಗೆ. ಯಾರನ್ನು ಕೇಳಿದಿ, ಮೇಲಿನ ಊರಿನವರು ಏನಂದರು, ಎಂಜಿನಿಯರ್ ಏನಂದರು? ಅವಳು ನೋಡಿದ್ದಳು, ಹೇಳಿದಳು. ಈಗ ಅಲ್ಲಿ ಅರ್ಥಶಾಸ್ತ್ರ ಓದುತ್ತಿದ್ದಾಳೆ. ಇಂಥ ಕೆಲಸವನ್ನು ಅರ್ಜಿ ಹಾಕುವ ವರ್ಷ ಸುಮ್ನೆ ಸೇರಿಸಲು ಆಗುವುದಿಲ್ಲ. ಎಂಟನೇ ತರಗತಿಯಿಂದ ಮಾಡಿಕೊಂಡು ಬಂದಿರಬೇಕು.

ಎನ್‌ಸಿಸಿ ಬಗ್ಗೆ ಒಂದು ಮಾತು. ಪದವಿಯಲ್ಲಿ 'ಸಿ' ಸರ್ಟಿಫಿಕೇಟ್ ಪಡೆದವರಿಗೆ ಸೈನ್ಯದ ವಿಶೇಷ ಪ್ರವೇಶ ಯೋಜನೆಯಲ್ಲಿ ಲಿಖಿತ ಪರೀಕ್ಷೆ ಇಲ್ಲದೆ ಆಯ್ಕೆ ಮಂಡಳಿಯ ಸಂದರ್ಶನಕ್ಕೆ ಹೋಗಲು ಅವಕಾಶ ಇದೆ. ಸೈನ್ಯಕ್ಕೆ ಹೋಗುವ ಆಸೆ ಇರುವ ಮಗುವಿಗೆ ಇದು ಸೀಟಿಗಿಂತ ಜಾಸ್ತಿ ಬೆಲೆಯದು. ಇದನ್ನೂ ಶಾಲೆಗಳಲ್ಲಿ ಹೇಳುವವರಿಲ್ಲ.

ನನ್ನ ಕೋರಿಕೆ ಇಷ್ಟು. ಎಂಟನೇ ತರಗತಿಯ ಪಾಲಕರ ಮೊದಲ ಸಭೆಯಲ್ಲೇ ಪ್ರತಿ ಪ್ರೌಢಶಾಲೆ ಒಂದು ಹಾಳೆ ಓದಿ ಹೇಳಲಿ: ಯಾವ ಪ್ರಮಾಣಪತ್ರ ಎಲ್ಲಿ ನಡೆಯುತ್ತದೆ, ಎಲ್ಲಿ ನಡೆಯುವುದಿಲ್ಲ. ಪರೀಕ್ಷಾ ಪ್ರಾಧಿಕಾರ ವಿಶೇಷ ಪ್ರವರ್ಗದ ಪುಟಗಳನ್ನು ಸುಲಭ ಕನ್ನಡದಲ್ಲಿ ಬೇರೆಯಾಗಿ ಅಚ್ಚು ಮಾಡಿ ಶಾಲೆಗಳಿಗೆ ಕಳಿಸಲಿ. ಹಣ ಕೇಳಿ ಬರುವ ಪ್ರಶಸ್ತಿಗಳ ಆಮಂತ್ರಣವನ್ನು ಯಾವ ಮುಖ್ಯ ಶಿಕ್ಷಕರೂ ಮಕ್ಕಳ ಕೈಗೆ ಕೊಟ್ಟು ಕಳಿಸದಂತೆ ಕ್ಷೇತ್ರ ಶಿಕ್ಷಣಾಧಿಕಾರಿಗಳು ಸುತ್ತೋಲೆ ಹೊರಡಿಸಲಿ. ಪತ್ರಿಕೆಗಳಲ್ಲೂ ಒಂದು ವಿನಂತಿ, ಇಂಥ ಸಮಾರಂಭದ ಫೋಟೋ ಹಾಕುವ ಮೊದಲು ಮಗು ದುಡ್ಡು ಕಟ್ಟಿ ಬಂದಿದೆಯೇ ಎಂದು ಒಮ್ಮೆ ಕೇಳಿ.

ಅಂಥ ಹಾಳೆಯೊಂದನ್ನು ನಾನು ನಮ್ಮ ಶಾಲೆಗಾಗಿ ಬರೆದಿದ್ದೇನೆ, ಪ್ರತಿ ವರ್ಷ ಕೈಪಿಡಿ ಬಂದ ಮೇಲೆ ತಿದ್ದುತ್ತೇನೆ. ಬೇರೆ ಶಾಲೆಯವರು ಬೇಕೆಂದರೆ ಪತ್ರಿಕೆಯ ಮೂಲಕ ತಿಳಿಸಲಿ, ಕಳಿಸಿಕೊಡುತ್ತೇನೆ.

ಇತಿ,
ಒಬ್ಬ ಶಿಕ್ಷಕಿ ಮತ್ತು ಗೈಡ್ ಕ್ಯಾಪ್ಟನ್
ದಾವಣಗೆರೆ