ಲ್ಯಾಬ್ ಟೆಸ್ಟನ್ನ ಮದ್ದು ಅಂತ ಬರೀಬೇಡಿ

ಸಂಪಾದಕರಿಗೆ ನಮಸ್ಕಾರ,

ಹಿತ್ತಲ ಗಿಡದಲ್ಲಿ ಕ್ಯಾನ್ಸರ್ ತಡೆಯೋ ಗುಣ ಪತ್ತೆ ಅನ್ನೋ ಥರದ ಸುದ್ದಿ ಪೇಪರ್‌ಗಳಲ್ಲಿ ಆಗಾಗ ಬರ್ತಾನೇ ಇರತ್ತೆ, ಬಂದ ದಿನಾನೇ ವಾಟ್ಸಾಪಲ್ಲಿ ಓಡಾಡತ್ತೆ, ಸಂಜೆ ಹೊತ್ತಿಗೆ ಯಾರೋ ಕಷಾಯ ಕಾಯಿಸೋಕೂ ಶುರು ಮಾಡಿರ್ತಾರೆ. ನಾನು ಡಿಗ್ರಿ ಕಾಲೇಜಲ್ಲಿ ಬಾಟನಿ ಪಾಠ ಮಾಡೋಳು, ಇಂಥ ಟೆಸ್ಟನ್ನ ಮಕ್ಕಳ ಕೈಲಿ ಮಾಡಿಸ್ತೀನಿ, ಅದಕ್ಕೇ ಬರೀತಿದೀನಿ.

ಎಲೆಗೆ ಬ್ಯಾಕ್ಟೀರಿಯಾ ತಡೆಯೋ ಗುಣ ಇದೆಯಾ ನೋಡೋಕೆ, ಪೆಟ್ರಿ ತಟ್ಟೆ ಅನ್ನೋ ಚಪ್ಪಟೆ ತಟ್ಟೆಯಲ್ಲಿ ಅಗರ್ ಅನ್ನೋ ಜೆಲ್ಲಿ ಹುಯ್ದು, ಗಟ್ಟಿಯಾದ್ಮೇಲೆ ಬ್ಯಾಕ್ಟೀರಿಯಾ ಸವರಿ, ಸಣ್ಣ ಗುಂಡಿ ಕೊರೆದು ಅದರೊಳಗೆ ಎಲೆಯ ಸಾರ ಬಿಡ್ತೀವಿ. ರಾತ್ರಿಯಿಡೀ 37 ಡಿಗ್ರಿಯಲ್ಲಿಟ್ರೆ ಬೆಳಗ್ಗೆ ತಟ್ಟೆಯೆಲ್ಲಾ ಮಬ್ಬಾಗಿರತ್ತೆ, ಗುಂಡಿ ಸುತ್ತ ಮಾತ್ರ ಬ್ಯಾಕ್ಟೀರಿಯಾ ಬೆಳೀದೆ ತಿಳಿಯಾದ ಉಂಗುರ, ಅದನ್ನ ಸ್ಕೇಲ್ ಇಟ್ಟು ಅಳೀತೀವಿ. ಸಾರ ತೆಗೆಯೋಕೆ ಬಳಸಿದ ಮೆಥನಾಲ್ ಸ್ವಲ್ಪ ಉಳಿದಿದ್ರೂ ಉಂಗುರ ಬರಬಹುದು, ಹಾಗಾಗಿ ಪಕ್ಕದ ಗುಂಡಿಗೆ ಬರೀ ಮೆಥನಾಲ್, ಇನ್ನೊಂದಕ್ಕೆ ಗೊತ್ತಿರೋ ಆಂಟಿಬಯೋಟಿಕ್ ಹಾಕಿ ಹೋಲಿಸ್ಲೇಬೇಕು. ಕ್ಯಾನ್ಸರ್ ಟೆಸ್ಟಲ್ಲಿ ಲ್ಯಾಬಲ್ಲಿ ಬೆಳೆಸಿದ ಹೀಲಾ ಥರದ ಕ್ಯಾನ್ಸರ್ ಕೋಶಗಳ ಮೇಲೆ ಸಾರ ಹಾಕಿ ಎಷ್ಟು ಸತ್ತಿವೆ ನೋಡೋದು. ಡೋಸ್ ಏರಿಸಿದ್ರೆ ಉಪ್ಪಿಗೂ ಸಾಯ್ತವೆ ಅವು! ಎಷ್ಟು ಕಮ್ಮಿ ಡೋಸಿಗೆ ಸತ್ತವು, ಅದೇ ಡೋಸಿಗೆ ಆರೋಗ್ಯವಂತ ಕೋಶ ಉಳಿದ್ವಾ ಅನ್ನೋದೇ ಮುಖ್ಯ, ಸುದ್ದೀಲಿ ಅದೇ ಇರಲ್ಲ.

ಗಿಡದಲ್ಲಿ ಮದ್ದಿಲ್ಲ ಅಂತ ನಾನು ಹೇಳ್ತಿಲ್ಲ. ಮನೆ ಮುಂದೆ ಅರಳೋ ನಿತ್ಯಪುಷ್ಪವನ್ನ 1950ರ ದಶಕದಲ್ಲಿ ಕೆನಡಾದಲ್ಲಿ ಶುಗರ್‌ಗೆ ಅಂತ ಪರೀಕ್ಷೆ ಮಾಡಿದ್ರು, ಶುಗರ್ ಇಳೀಲಿಲ್ಲ, ಆದ್ರೆ ಸಾರ ಚುಚ್ಚಿದ ಇಲಿಗಳ ಬಿಳಿ ರಕ್ತಕಣ ಕುಸಿದಿದ್ದು ಕಂಡು ಬೆನ್ನು ಹತ್ತಿದ್ರು, ವಿನ್‌ಬ್ಲಾಸ್ಟಿನ್ ಅನ್ನೋ ಕ್ಯಾನ್ಸರ್ ಔಷಧಿ ಸಿಕ್ತು. ಅದೇ ಗಿಡದ ವಿನ್‌ಕ್ರಿಸ್ಟಿನ್ ಇವತ್ತಿಗೂ ಮಕ್ಕಳ ರಕ್ತದ ಕ್ಯಾನ್ಸರ್‌ಗೆ ಬೇಕು. ಅದು ನರಕ್ಕೆ ಪೆಟ್ಟು ಕೊಡೋ ಔಷಧಿ, ಡೋಸ್ ಲೆಕ್ಕ ಹಾಕಿ ರಕ್ತನಾಳಕ್ಕೆ ಮಾತ್ರ ಕೊಡ್ತಾರೆ, ಆ ಎಲೆನ ಮನೇಲಿ ಕುದಿಸಿ ಕುಡಿಯೋದು ದೊಡ್ಡ ಅಪಾಯ. ನಮ್ಮ ಪಶ್ಚಿಮ ಘಟ್ಟದ ದುರ್ವಾಸನೆ ಮರದ್ದೂ ಇಂಥದೇ ಕಥೆ. ಕ್ಯಾನ್ಸರ್ ಕೋಶ ಕೊಲ್ಲೋ ಕ್ಯಾಂಪ್ಟೊಥೆಸಿನ್ ಅನ್ನೋ ರಾಸಾಯನಿಕ 1966ರಲ್ಲಿ ಚೀನಾ ಮೂಲದ ಮರದಲ್ಲಿ ಸಿಕ್ತು, 1972ರಲ್ಲಿ ನಮ್ಮ ಮರದಲ್ಲೂ ಇದೆ ಅಂತ ತೋರಿಸಿದ್ರು. ನೇರ ಕೊಟ್ಟಾಗ ಅದರ ವಿಷ ರೋಗಿಗಳಿಗೆ ತಡೀಲಿಲ್ಲ, ಅದನ್ನ ಬದಲಾಯಿಸಿ ಮಾಡಿದ ಟೊಪೊಟೆಕಾನ್ ಅನ್ನೋ ಕ್ಯಾನ್ಸರ್ ಔಷಧಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1996ರಲ್ಲಿ. ಮೂವತ್ತು ವರ್ಷ! ಅಷ್ಟರ ಮಧ್ಯೆ ಘಟ್ಟದ ಮರಗಳನ್ನೂ ಕಡಿದು ಹೊರದೇಶಕ್ಕೆ ಸಾಗಿಸಿದ್ರು, ಅದು ನನಗೆ ಇವತ್ತಿಗೂ ಹೊಟ್ಟೆ ಉರಿಸತ್ತೆ.

ಪ್ರತಿ ವರ್ಷ ತುಳಸಿ, ಬೇವು, ಅಮೃತಬಳ್ಳಿ ಅಂತ ಅದೇ ಗಿಡಗಳ ಮೇಲೆ ಅದೇ ತಟ್ಟೆ ಟೆಸ್ಟ್ ಮಾಡಿ ಪ್ರಾಜೆಕ್ಟ್ ಮುಗಿಸೋದು ಸಾಕು, ಚೆನ್ನಾಗಿ ಬಂದ ಸಾರವನ್ನ ಮುಂದಿನ ಹಂತಕ್ಕೆ ಒಯ್ಯೋಕೆ ಸರ್ಕಾರ ಸಣ್ಣ ಕಾಲೇಜಿಗೂ ದುಡ್ಡು ಮತ್ತು ದೊಡ್ಡ ಲ್ಯಾಬಿನ ದಾರಿ ಕೊಡ್ಲಿ. ನೀವು ಸುದ್ದಿ ಹಾಕೋವಾಗ ಇದು ತಟ್ಟೆಯಲ್ಲಾ, ಇಲಿಯಲ್ಲಾ, ಮನುಷ್ಯರ ಮೇಲಾ ಅನ್ನೋದನ್ನ ಮೊದಲ ಸಾಲಲ್ಲೇ ಬರೀರಿ. ಕೀಮೋ ತಗೊಳ್ತಿರೋರು ಯಾವುದೇ ಕಷಾಯ ಕುಡಿಯೋ ಮೊದ್ಲು ತಮ್ಮ ಡಾಕ್ಟರ್‌ಗೆ ಹೇಳಿ ಅನ್ನೋ ಒಂದು ಸಾಲನ್ನೂ ಕೆಳಗೆ ಸೇರಿಸಿ.

– ಬಾಟನಿ ಉಪನ್ಯಾಸಕಿ, ಶಿವಮೊಗ್ಗ ಜಿಲ್ಲೆ